ಭಯಾನಕವೂ ಅದರ ಉತ್ತರಭಾಗಗಳೂ

ನವರಸಗಳಲ್ಲಿ ಭಯಾನಕಕ್ಕೆ ನಮ್ಮ ವಿಮರ್ಶೆ ಸಲ್ಲಿಸಿರುವ ಗಮನ ಅಲ್ಪವಾದುದು. ಶೃಂಗಾರ, ವೀರ, ಕರುಣಗಳನ್ನು ಕುರಿತು ಗ್ರಂಥಗಳೇ ಹುಟ್ಟಿವೆ. ಭಯಾನಕವಾದರೋ ಲಕ್ಷಣಕಾರರ ಪಟ್ಟಿಯಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಂಡು ಚರ್ಚೆಯ ಹೊರಗೇ ನಿಂತಿದೆ. ಆದರೆ ಲೋಕದಲ್ಲಿ ಅದರ ಬೇಡಿಕೆ ಕುಂದಿಲ್ಲ. ಇಂದು ಈ ರಸವನ್ನು ಅರಸುವ ತರುಣನು ಚಲಚ್ಚಿತ್ರದ ಬಳಿಗೆ ಹೋಗುತ್ತಾನೆ. ಅದರಲ್ಲಿಯೂ ‘ಸ್ಲ್ಯಾಶರ್’ ಎಂಬ ಹೆಸರಿನ ಒಂದು ವರ್ಗದ ಬಳಿಗೆ. ಮುಖವಾಡ ತೊಟ್ಟ ಕೊಲೆಗಾರ, ಅವನ ಕೈಯಲ್ಲೊಂದು ಹರಿತವಾದ ಆಯುಧ, ಒಬ್ಬೊಬ್ಬರಾಗಿ ಸಾಯುವ ಹರೆಯದವರು: ಇಷ್ಟೇ ಅದರ ಕಥಾಶರೀರ. ಒಂದು ಚಿತ್ರ ಗೆದ್ದರೆ ಎರಡನೆಯದು, ಮೂರನೆಯದು, ಆರನೆಯದು ಹುಟ್ಟುತ್ತವೆ. ಭಾಗದಿಂದ ಭಾಗಕ್ಕೆ ರಕ್ತ ಹೆಚ್ಚುತ್ತದೆ. ಜೊತೆಗೆ, ತಾವು ಇಂಥದೊಂದು ಕಥೆಯೊಳಗೆ ಸಿಕ್ಕಿದ್ದೇವೆಂಬುದನ್ನು ಬಲ್ಲವರಂತೆ ಪಾತ್ರಗಳೇ ಮಾತನಾಡತೊಡಗುತ್ತವೆ. ಹೀಗೆ ರಕ್ತವನ್ನೂ ಜಾಣತನವನ್ನೂ ಬೆಳೆಸಿಕೊಂಡ ಉತ್ತರಭಾಗಗಳು ಭಯಾನಕದ ರಸಿಕನನ್ನು ತಣಿಸುತ್ತವೆಯೆ ಎಂಬುದು ಪ್ರಕೃತ ಲೇಖನದ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಕುರಕುಂಭದಲ್ಲಿ. ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನಲ್ಲಿ, ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ಫಿರಂಗಾಯಿ ದೇವಿಯ ಗುಡಿ ಇದೆ. ರಾಸಾಯನಿಕ ಕಾರ್ಖಾನೆಗಳ ದೊಡ್ಡದೊಂದು ಕೈಗಾರಿಕಾ ವಸಾಹತು ಇದೆ. ಬ್ಯಾಂಕಿನ ಕೆಲಸದ ನಿಮಿತ್ತ ನಾನು ಅಲ್ಲಿ ಕೆಲಕಾಲ ಇದ್ದೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಯಲು ಬಂದ ಐದಾರು ಮಂದಿ ತರುಣರು ನನ್ನ ಬಿಡಾರದ ಎದುರಿನ ಕೋಣೆಯಲ್ಲಿದ್ದರು. ಕನ್ನಡ ಕಿವಿಗೆ ಬಿದ್ದ ಮೇಲೆ ಪರಿಚಯಕ್ಕೆ ತಡವಾಗಲಿಲ್ಲ. ಒಂದು ಭಾನುವಾರ ರಾತ್ರಿ ಅವರೊಡನೆ ಕುಳಿತು 1997ರ ‘ಸ್ಕ್ರೀಮ್ 2’ ಚಿತ್ರವನ್ನು ನೋಡಿದೆ. ತರುಣರು ಕೊಲೆಗಳನ್ನು ಬೆರಳ ಮೇಲೆ ಎಣಿಸುತ್ತಿದ್ದರು; ಮುಂದೆ ಸಾಯುವವರು ಯಾರೆಂದು ಪಂದ್ಯ ಕಟ್ಟುತ್ತಿದ್ದರು. “ಇದ್ರಾಗ ಅಂಜಿಕಿ ಏನೂ ಇಲ್ರೀ ಸರ, ಮಜಾ ಅದ, ಅಷ್ಟ” ಎಂದ ಅವರಲ್ಲೊಬ್ಬ.

ಅಷ್ಟರಲ್ಲಿ ಕಾರ್ಖಾನೆಗಳ ದಿಕ್ಕಿನಿಂದ ಸೈರನ್ ಕೂಗಿತು. ಕೋಣೆ ನಿಶ್ಶಬ್ದವಾಯಿತು. 2019ರ ಆಗಸ್ಟಿನಲ್ಲಿ ಆ ವಸಾಹತಿನ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದ ರಾತ್ರಿ ಊರಿನ ಜನ ಮನೆ ಬಿಟ್ಟು ಓಡಿದ್ದುಂಟು. ಆ ನೆನಪು ಅಲ್ಲಿ ಇನ್ನೂ ಆರಿರಲಿಲ್ಲ. ಒಬ್ಬನು ಚಿತ್ರವನ್ನು ನಿಲ್ಲಿಸಿ ಫೋನು ಹಚ್ಚಿದ. ಅವರ ಕೋಣೆಯ ಗೆಳೆಯನೊಬ್ಬ ಆ ಹೊತ್ತಿನಲ್ಲಿ ರಾತ್ರಿ ಪಾಳಿಯಲ್ಲಿದ್ದ. ಸೈರನ್ ಊದಿದ್ದು ಪರೀಕ್ಷೆಗಾಗಿ ಎಂದು ತಿಳಿಯಲು ಐದು ನಿಮಿಷ ಹಿಡಿಯಿತು. ಆಮೇಲೆ ಚಿತ್ರವನ್ನು ಮುಂದುವರಿಸಲು ಯಾರಿಗೂ ಮನಸ್ಸಾಗಲಿಲ್ಲ.

ಲೌಕಿಕವಾದ ಭಯ ರಸವಲ್ಲವೆಂಬುದನ್ನು ನಾನು ಮರೆತಿಲ್ಲ. ಚಿತ್ರ ಸೈರನ್ನಿನಂತೆ ನಮ್ಮನ್ನು ನಡುಗಿಸಬೇಕೆಂದು ಯಾರೂ ಕೇಳಲಾರರು; ಹಾಗೆ ನಡುಗಿದವನು ಆಸ್ವಾದಿಸಲಾರ. ಆದರೆ ರಸದ ಬೇರು ಲೌಕಿಕ ಭಾವದಲ್ಲಿಯೇ ಇದೆ. ತೆರೆಯ ಮೇಲೆ ಹಲವರು ಸಾಯುವಾಗ ನಗುತ್ತಿದ್ದವರು, ಕಣ್ಣಿಗೆ ಕಾಣದ ಒಬ್ಬನಿಗಾಗಿ ಅಂಜಿದರು. ಅಲ್ಲಿ ರಕ್ತವಿರಲಿಲ್ಲ, ಆಯುಧವಿರಲಿಲ್ಲ. ‘ಅವನು ನಮ್ಮವನು’ ಎಂಬ ಒಂದು ಅರಿವು ಇತ್ತು. ಈ ಅರಿವನ್ನು ಬಿಟ್ಟು ಭಯಾನಕ ನಿಲ್ಲುವುದೆ?

ಶಾಸ್ತ್ರಕಾರರು ಏನೆನ್ನುತ್ತಾರೆಂಬುದನ್ನು ನೋಡೋಣ. ರಸಾನುಭವವನ್ನು ವಿವರಿಸುವಾಗ ಅಭಿನವಗುಪ್ತನು ಭಯಾನಕಕ್ಕೆ ಎತ್ತಿಕೊಂಡ ನಿದರ್ಶನ ಶಾಕುಂತಲದ ಮೊದಲನೆಯ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಹಿಂದಿರುಗಿ ನೋಡುತ್ತ ಓಡುತ್ತಿದೆ. ಬಾಣ ಇನ್ನೂ ಬಿಟ್ಟಿಲ್ಲ. ಒಂದು ತೊಟ್ಟು ರಕ್ತವೂ ಅಲ್ಲಿ ಬೀಳುವುದಿಲ್ಲ. ಸಹೃದಯನ ಹೃದಯವನ್ನು ಹೊಗುವುದು ದೇಶಕಾಲಗಳ ಕಟ್ಟನ್ನು ಕಳಚಿಕೊಂಡ ಶುದ್ಧವಾದ ಭಯ. ನಾಟಕದಲ್ಲಿ ಮುಂದೆ ತಪಸ್ವಿಗಳು ಅಡ್ಡ ಬಂದು, ಇದು ಆಶ್ರಮದ ಮೃಗ, ಕೊಲ್ಲಬಾರದು ಎಂದು ರಾಜನನ್ನು ತಡೆಯುತ್ತಾರೆ. ಜಿಂಕೆಗೆ ಮನೆಯಿದೆ, ಅದಕ್ಕಾಗಿ ಕೈಯೆತ್ತುವವರಿದ್ದಾರೆ ಎಂಬುದನ್ನು ಕವಿ ಮರೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂದು ಭರತನೇ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿರುವುದರಿಂದ, ರಕ್ತಮಾಂಸಗಳ ದರ್ಶನ ಹೆಚ್ಚಿದಷ್ಟೂ ಭಯ ಹೆಚ್ಚಬೇಕಲ್ಲವೆ? ಈ ವರ್ಗದ ಅಭಿಮಾನಿಗಳು ತಿಳಿದೋ ತಿಳಿಯದೆಯೋ ಹಿಡಿದಿರುವ ವಾದ ಇದೇ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಭರತನ ಮಾತು ಬೀಭತ್ಸವನ್ನು ಮೂಲವೆನ್ನುತ್ತದೆ. ಮೂಲವಿದ್ದಲ್ಲೆಲ್ಲ ಫಲವಿರಬೇಕೆಂದು ಅದರಿಂದ ಸಿದ್ಧವಾಗದು. ಜುಗುಪ್ಸೆಯಾದಾಗ ಮುಖ ತಿರುಗಿಸುತ್ತೇವೆ, ಭಯವಾದಾಗ ಕಣ್ಣು ಕೀಳಲಾರೆವು. ಒಂದು ಇನ್ನೊಂದಕ್ಕೆ ತಿರುಗಬೇಕಾದರೆ ನಡುವೆ ನಮ್ಮ ಮಮತೆಗೆ ಪಾತ್ರವಾದ ಒಂದು ಜೀವ ಬೇಕು.

ನಮ್ಮ ರನ್ನನ ಗದಾಯುದ್ಧವನ್ನು ನೆನೆಯಬೇಕಾದದ್ದು ಇಲ್ಲಿ. ಹತ್ತನೆಯ ಶತಮಾನದ ಕೊನೆಯ ಭಾಗದ ಈ ಕಾವ್ಯದಲ್ಲಿ ಬೀಭತ್ಸಕ್ಕೆ ಕೊರತೆಯಿಲ್ಲ. ದುರ್ಯೋಧನನು ಸಂಜಯನೊಡನೆ ನೆತ್ತರಿನಲ್ಲಿ ಕಾಲಿಡುತ್ತ, ಹೆಣಗಳನ್ನು ದಾಟುತ್ತ ರಣಭೂಮಿಯಲ್ಲಿ ನಡೆಯುತ್ತಾನೆ. ಹಾಸ್ಯಕ್ಕೂ ಕೊರತೆಯಿಲ್ಲ, ಮರುಳುಗಳು ಆ ಚಕ್ರವರ್ತಿಯನ್ನು ಅಣಕಿಸುತ್ತವೆ. ಕಥೆಯಾದರೋ ಎಲ್ಲರಿಗೂ ಗೊತ್ತಿದ್ದದ್ದೇ. ರಕ್ತ, ಪರಿಹಾಸ, ಪೂರ್ವಪರಿಚಯ: ಇಂದಿನ ಉತ್ತರಭಾಗಗಳ ಮೂರು ಸಾಮಗ್ರಿಗಳೂ ಅಲ್ಲಿವೆ. ಆದರೂ ಓದುಗನ ಎದೆ ನಡುಗುತ್ತದೆ. ಕಾರಣ ಸ್ಪಷ್ಟವಾಗಿದೆ. ಆ ಹೆಣಗಳಿಗೆ ಹೆಸರಿದೆ, ನಂಟಿದೆ. ಒಂದು ದ್ರೋಣ, ಒಂದು ದುಶ್ಶಾಸನ, ಒಂದು ಲಕ್ಷಣಕುಮಾರ, ಒಂದು ಕರ್ಣ. ಒಂದೊಂದರ ಮುಂದೆಯೂ ದುರ್ಯೋಧನ ನಿಲ್ಲಬೇಕಾಗುತ್ತದೆ. ಅವನೊಡನೆ ನಾವೂ ನಿಲ್ಲುತ್ತೇವೆ. ಬಯಲಾಟದಲ್ಲಿ ದುಶ್ಶಾಸನವಧೆಯನ್ನು ಹತ್ತನೆಯ ಸಲ ನೋಡಹೋಗುವ ಹಳ್ಳಿಗನಿಗೂ ಕೊನೆ ಗೊತ್ತು. ಆದ್ದರಿಂದ ರಕ್ತವನ್ನಾಗಲಿ, ಪುನರಾವೃತ್ತಿಯನ್ನಾಗಲಿ, ನಗೆಯನ್ನಾಗಲಿ ದೂಷಿಸಿ ಫಲವಿಲ್ಲ. ಅವು ಯಾರ ಸುತ್ತ ನಿಂತಿವೆಯೆಂಬುದನ್ನು ಕೇಳಬೇಕು.

ಈ ಅಳತೆಗೋಲಿನಿಂದ ‘ಸ್ಕ್ರೀಮ್’ ಸರಣಿಯನ್ನೇ ಪರೀಕ್ಷಿಸಬಹುದು. ವೆಸ್ ಕ್ರೇವನ್ 1996ರಲ್ಲಿ ಮಾಡಿದ ಮೊದಲನೆಯ ಚಿತ್ರದ ಆರಂಭದಲ್ಲಿ, ಮನೆಯಲ್ಲಿ ಒಬ್ಬಳೇ ಇರುವ ಹುಡುಗಿಗೆ ಅಪರಿಚಿತನೊಬ್ಬ ಫೋನಿನಲ್ಲಿ ಭಯದ ಚಿತ್ರಗಳ ವಿಷಯವಾಗಿ ಪ್ರಶ್ನೆ ಕೇಳುತ್ತಾನೆ. 1980ರ ‘ಫ್ರೈಡೇ ದ ಥರ್ಟೀನ್ತ್’ನ ಕೊಲೆಗಾರ ಯಾರೆಂಬುದಕ್ಕೆ ಅವಳು ಜೇಸನ್ ಎನ್ನುತ್ತಾಳೆ. ಉತ್ತರ ತಪ್ಪು, ಆ ಮೊದಲ ಚಿತ್ರದಲ್ಲಿ ಕೊಂದವಳು ಜೇಸನ್ನನ ತಾಯಿ. ಚಿತ್ರಗಳನ್ನು ಬಲ್ಲ ಅಭಿಮಾನಿಗೆ ಇದು ಪರಿಹಾಸ. ಆದರೆ ಪರಿಹಾಸ ಅಲ್ಲಿಯೇ ಮುಗಿಯುತ್ತದೆ. ಕೊನೆಗೆ ಮನೆಗೆ ಹಿಂದಿರುಗಿದ ತಾಯಿ ಫೋನು ಎತ್ತಿಕೊಂಡಾಗ ಅವಳಿಗೆ ಕೇಳುವುದು ಸಾಯುತ್ತಿರುವ ಮಗಳ ಉಸಿರು. ತಿಳಿವಳಿಕೆ ಜೀವವನ್ನು ಕಾಯುವುದಿಲ್ಲವೆಂಬ ಮಾತನ್ನು ಇದಕ್ಕಿಂತ ಕಠೋರವಾಗಿ ಹೇಳುವುದು ಕಷ್ಟ. ತನ್ನ ತಂತ್ರವನ್ನು ತಾನೇ ಬಲ್ಲ ಚಿತ್ರವೂ ಭಯಾನಕವನ್ನು ಸಾಧಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯ ಭಾಗದ ಆರಂಭ ಇನ್ನೂ ಜಾಣತನದ್ದು. ಮೊದಲ ಚಿತ್ರದ ಘಟನೆಗಳನ್ನೇ ಕುರಿತು ತೆಗೆದ ಚಿತ್ರವೊಂದನ್ನು ತೋರಿಸುತ್ತಿರುವ ಚಿತ್ರಮಂದಿರ; ಕೊಲೆಗಾರನ ಮುಖವಾಡವನ್ನೇ ತೊಟ್ಟು ಕೇಕೆ ಹಾಕುವ ಪ್ರೇಕ್ಷಕರು. ಅವರ ನಡುವೆ ನಿಜವಾಗಿಯೇ ಇರಿತಕ್ಕೆ ಸಿಕ್ಕಿದ ಹೆಂಗಸು ತೆರೆಯ ಮುಂದೆ ಹತ್ತಿ ನಿಂತಾಗ, ಅದೂ ಪ್ರದರ್ಶನದ ಒಂದು ಭಾಗವೆಂದು ಜನ ಎಣಿಸುತ್ತಾರೆ. ಅವಳು ಕುಸಿದ ಮೇಲೆ ಮೌನ. ಚಿತ್ರ ಇಲ್ಲಿ ತನ್ನ ಪ್ರೇಕ್ಷಕನ ಮೇಲೆಯೇ ವಿಮರ್ಶೆ ಬರೆದಿದೆ. ದುಃಖದ ಸಂಗತಿಯೆಂದರೆ, ಈ ಎತ್ತರದಿಂದ ಅದು ಬೇಗನೆ ಇಳಿಯುತ್ತದೆ. ಉತ್ತರಭಾಗದಲ್ಲಿ ಹೆಣಗಳ ಸಂಖ್ಯೆ ಹೆಚ್ಚಬೇಕು, ಸಾವುಗಳು ಹೆಚ್ಚು ಆಡಂಬರದವಾಗಬೇಕು ಎಂಬ ನಿಯಮವನ್ನು ಪಾತ್ರವೊಂದು ಪರಿಹಾಸವಾಗಿ ಹೇಳುತ್ತದೆ. ಚಿತ್ರ ಆ ನಿಯಮವನ್ನೇ ಪಾಲಿಸುತ್ತದೆ. ದೋಷವನ್ನು ತಾನೇ ಒಪ್ಪಿಕೊಂಡರೆ ದೋಷ ಕಳೆಯಿತೆಂಬ ಭಾವನೆ ಅಲ್ಲಿಂದ ಮುಂದೆ ಈ ವರ್ಗವನ್ನೆಲ್ಲ ಆವರಿಸಿತು. ಆದರೂ 2023ರ ಆರನೆಯ ಭಾಗದಲ್ಲಿ ಒಂದು ಸನ್ನಿವೇಶವಿದೆ: ಎರಡು ಕಟ್ಟಡಗಳ ಕಿಟಕಿಗಳ ನಡುವೆ ಏಣಿಯೊಂದನ್ನು ಹಾಸಿದ್ದಾರೆ; ಹಿಂದೆ ಕೊಲೆಗಾರ; ಒಬ್ಬೊಬ್ಬರಾಗಿ ದಾಟಬೇಕು; ದಾಟಿದವರು ಈಚೆಯಿಂದ ಕೈಚಾಚಿದ್ದಾರೆ. ಆ ಚಾಚಿದ ಕೈಗಳಿಂದಾಗಿ ನಾವು ಉಸಿರು ಹಿಡಿಯುತ್ತೇವೆ.

ಇನ್ನೊಂದು ಕೊನೆಯಲ್ಲಿ ಡೇಮಿಯನ್ ಲಿಯೋನನ ‘ಟೆರಿಫೈಯರ್’ ಚಿತ್ರಗಳಿವೆ. 2016ರ ಮೊದಲ ಚಿತ್ರದ ಬಳಿಕ 2022ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಬಂದವು. ಕೊಲೆಗಾರ ಇಲ್ಲಿ ಒಬ್ಬ ವಿದೂಷಕ. ಮಾತಿಲ್ಲದೆ, ಅಭಿನಯದಿಂದಲೇ ನಗಿಸುತ್ತ ಕೊಲ್ಲುತ್ತಾನೆ. ಹಾಸ್ಯ ಬೀಭತ್ಸಗಳು ಒಂದೇ ವೇಷದಲ್ಲಿ ಕೂಡಿದ ಉದಾಹರಣೆ ಇದಕ್ಕಿಂತ ಬೇರೆ ಬೇಡ. ಗಾಯಗಳ ಕೃತಕ ರಚನೆಯ ಕೌಶಲವನ್ನು ಮೆಚ್ಚುವ ಅಭಿಮಾನಿಗಳ ಸಂತೋಷ ಸುಳ್ಳಲ್ಲ. ಆದರೆ ಅದು ಕೈಗಾರಿಕೆಯನ್ನು ಕಂಡ ಬೆರಗು. ಅದನ್ನು ಭಯಾನಕವೆಂದು ಕರೆಯುವುದು ಹೆಸರಿನ ತಪ್ಪು.

ನಮ್ಮ ಕನ್ನಡ ಚಿತ್ರಗಳಲ್ಲಿ ಸ್ಲ್ಯಾಶರ್ ವರ್ಗ ಬೇರೂರಿಲ್ಲ. ಆದರೂ ಚಿತ್ರೀಕರಣದ ತಂಡವನ್ನೇ ಭಯದ ಕಥೆಯೊಳಗೆ ತಂದ ಉಪೇಂದ್ರರ ‘ಶ್!’ 1993ರಷ್ಟು ಹಿಂದೆಯೇ ಬಂದಿತ್ತು. ಉತ್ತರಭಾಗದ ಪ್ರಶ್ನೆಗಾದರೋ ನಮ್ಮ ಹತ್ತಿರದ ನಿದರ್ಶನ ಪಿ. ವಾಸು ಅವರ ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’. 1993ರ ಮಲಯಾಳದ ‘ಮಣಿಚಿತ್ರತ್ತಾಳ್’ನಿಂದ ಬಂದ 2004ರ ‘ಆಪ್ತಮಿತ್ರ’ದಲ್ಲಿ ಭಯಕ್ಕೆ ಆಲಂಬನ ಗಂಗಾ ಎಂಬ ಗೃಹಿಣಿ. ಅವಳು ನಾಗವಲ್ಲಿಯಾಗಿ ಗರ್ಜಿಸಿದಾಗ ನಾವು ಅಂಜುವುದು ಅವಳಿಗೆ ಎಷ್ಟೋ, ಅವಳಿಗಾಗಿ ಅದಕ್ಕಿಂತ ಹೆಚ್ಚು. ಸೌಂದರ್ಯಾ ಆ ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದರು. 2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಹೊಸ ಮನೆಯೊಂದನ್ನು ಸೇರುತ್ತದೆ, ಕಥೆಯ ಭಾರವಾದರೋ ಘೋರನಾದ ರಾಜನ ಕಡೆಗೆ ಸರಿಯುತ್ತದೆ. ಭಯಾನಕದ ಸ್ಥಾನದಲ್ಲಿ ರೌದ್ರಾದ್ಭುತಗಳು ಬಂದು ಕುಳಿತವು. ಆದರೂ ಜನ ತಣಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಿದ್ದರು. ಚಿತ್ರ ತೆರೆಗೆ ಬಂದದ್ದು ಫೆಬ್ರವರಿಯಲ್ಲಿ. ಅಗಲಿದ ನಟನನ್ನು ವೈದ್ಯನಾಗಿಯೂ ರಾಜನಾಗಿಯೂ ಕಂಡ ಪ್ರೇಕ್ಷಕರ ತೃಪ್ತಿಯಲ್ಲಿ ಭಯಕ್ಕಿಂತ ಅಗಲಿಕೆಯ ಪಾಲು ಹಿರಿದಾಗಿತ್ತೆಂದು ನನ್ನ ಎಣಿಕೆ.

ಒಟ್ಟಿನಲ್ಲಿ, ಉತ್ತರಭಾಗಗಳು ತಣಿಸುವುದಿಲ್ಲವೆಂದು ನಾನು ಹೇಳಲಾರೆ. ಅವು ಎಣಿಕೆಯ ಸುಖವನ್ನೂ, ಗುರುತು ಹಿಡಿದ ಸುಖವನ್ನೂ, ಬಲ್ಲವರೆನಿಸಿಕೊಳ್ಳುವ ಸುಖವನ್ನೂ ಕೊಡುತ್ತವೆ. ಆದರೆ ರಸಿಕನು ಯಾವುದನ್ನು ಅರಸಿ ಬಂದನೋ ಅದು ಬಹುಮಟ್ಟಿಗೆ ಬಾಕಿಯಾಗಿಯೇ ಉಳಿಯುತ್ತದೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿ ಮಾತ್ರ ಸಂದಾಯವಾಗಿ ಅಸಲು ಹಾಗೆಯೇ ನಿಂತ ಸಾಲದಂತೆ. ಆತ ಮತ್ತೆ ಮುಂದಿನ ಭಾಗಕ್ಕೆ ಹೋಗುವುದು ಆ ಅಸಲಿನ ಆಸೆಯಿಂದ.

ಇಂಥ ಚಿತ್ರಗಳು ತರುಣರ ಹೃದಯವನ್ನು ಕಲ್ಲಾಗಿಸುತ್ತವೆಂಬ ಆಪಾದನೆಯನ್ನು ಆಗಾಗ ಕೇಳುತ್ತೇವೆ. ಕುರಕುಂಭದ ಆ ರಾತ್ರಿಯ ಬಳಿಕ ನಾನು ಅದನ್ನು ಒಪ್ಪಲಾರೆ. ಕೊಲೆಗಳನ್ನು ಎಣಿಸುತ್ತಿದ್ದ ಬೆರಳೇ, ಸೈರನ್ ಕೇಳಿದ ಕೂಡಲೆ ಫೋನನ್ನು ಒತ್ತಿತು. ಅವರ ಹೃದಯ ಜಡವಾಗಿರಲಿಲ್ಲ. ಚಿತ್ರ ಅದನ್ನು ಕೇಳಿರಲಿಲ್ಲ, ಅಷ್ಟೆ.