ರೀಲು ಬಿಡುವ ಮುನ್ನ

ಕನ್ನಡದಲ್ಲಿ 'ರೀಲು ಬಿಡುವುದು' ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಸೇರುವ ಹೊಸ ಗಾಳಗಾರರು ಎರಡೂ ಅರ್ಥದಲ್ಲಿ ರೀಲು ಬಿಡುತ್ತಾರೆ. ಒಬ್ಬನ ರೀಲಿನಲ್ಲಿ ಒಂಬತ್ತು ಬೇರಿಂಗ್, ಇನ್ನೊಬ್ಬನದರಲ್ಲಿ ಹದಿಮೂರು. ಒಬ್ಬನ ಗೇರು 7.1, ಇನ್ನೊಬ್ಬನದು 8.1. ಮೊಬೈಲು ಸ್ಟ್ಯಾಂಡಿಗೇರಿ ವಿಡಿಯೊ ಶುರುವಾಗುತ್ತದೆ. ಮೂರನೇ ಬೀಸಿಗೆ ಒಬ್ಬ, ಐದನೆಯದಕ್ಕೆ ಇನ್ನೊಬ್ಬ, ಏರಿಯ ಕಲ್ಲಿನ ಮೇಲೆ ಕೂತು ಸ್ಪೂಲಿನೊಳಗಿನ ಸಿಕ್ಕನ್ನು ಉಗುರಿನಿಂದ ಕೀಳುತ್ತಿರುತ್ತಾರೆ. ಪಕ್ಕದಲ್ಲಿ ಬಿದಿರು ಕೋಲು ಹಿಡಿದ ಹುಡುಗ ಅಷ್ಟರಲ್ಲಿ ಎರೆಹುಳು ಚುಚ್ಚಿ ಮೂರು ಜಿಲೇಬಿ ಮೀನು ಎತ್ತಿರುತ್ತಾನೆ.

ಬೇರಿಂಗ್ ಎಣಿಸುವಷ್ಟು ಪೊಳ್ಳು ಲೆಕ್ಕ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಬೀಸುವಾಗ ಕೆಲಸಕ್ಕೆ ಬರುವುದು ಸ್ಪೂಲನ್ನು ಹೊತ್ತ ಎರಡೋ ಮೂರೋ ಮಾತ್ರ. ಉಳಿದವು ಹಿಡಿಯಲ್ಲಿ, ಗೇರಿನ ಪಕ್ಕದಲ್ಲಿ ಕೂತು ಸುತ್ತುವುದನ್ನು ನುಣುಪು ಮಾಡುತ್ತವೆ, ಡಬ್ಬಿಯ ಮೇಲಿನ ಅಂಕಿಯನ್ನು ಉಬ್ಬಿಸುತ್ತವೆ. ಬೇಟ್‌ಕಾಸ್ಟಿಂಗ್ ರೀಲು ಕೊಳ್ಳುವವನು ಮೊದಲು ಕೇಳಬೇಕಾದದ್ದು ಬೇರೆ: ಇದರ ಬ್ರೇಕ್ ಯಾವ ಜಾತಿಯದು?

ಕೋಲು ಬೀಸಿದ ಕ್ಷಣ ಲೂರ್, ಅಂದರೆ ಹುಸಿ ಎರೆ, ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗ. ಗಾಳಿಗೆ ಎದೆಯೊಡ್ಡಿದ ಲೂರ್ ಹೊರಟ ಮರುಕ್ಷಣದಿಂದಲೇ ಸೋಲತೊಡಗುತ್ತದೆ. ಆ ಸುದ್ದಿ ಸ್ಪೂಲಿಗೆ ಮುಟ್ಟುವುದಿಲ್ಲ, ಅದು ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತದೆ. ಹೊರಹೋಗುವ ದಾರಕ್ಕಿಂತ ಬಿಚ್ಚಿಕೊಳ್ಳುವ ದಾರ ಹೆಚ್ಚಾಗಿ, ಸುರುಳಿಯ ಮೇಲೆ ಸುರುಳಿ ಉಬ್ಬಿ, ಒಂದು ಇನ್ನೊಂದರ ಕೊರಳು ಹಿಸುಕುತ್ತದೆ. ಬ್ಯಾಕ್‌ಲ್ಯಾಶ್ ಎಂದರೆ ಇಷ್ಟೇ. ಅದಕ್ಕೆ ಎರಡು ಕೆಟ್ಟ ಗಳಿಗೆಗಳಿವೆ: ಸ್ಪೂಲಿನ ವೇಗ ತುದಿಗೇರಿದ ಆರಂಭ, ಲೂರ್ ನೀರು ಮುಟ್ಟುವ ಕೊನೆ.

ಈ ಬರಹಗಾರನೂ ಒಂದು ಕಾಲಕ್ಕೆ ಬೇರಿಂಗ್ ಎಣಿಸಿದವನೇ. ಮೈಸೂರು ಕಡೆಯ ಒಂದು ಕೆರೆಯಲ್ಲಿ, ಆಷಾಢದ ಗಾಳಿಯಲ್ಲಿ, ಹೊಸ ರೀಲು ಹಿಡಿದು ಒಂದರ ಮೇಲೊಂದು ಬೀಸುತ್ತಿದ್ದ. ಹಿಂದೆ ಬೆನ್ನು ತಿರುಗಿಸಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ ಹಿರಿಯರೊಬ್ಬರು ತಿರುಗದೆಯೇ ಹೇಳಿದರು: "ಬ್ರೇಕು ಇನ್ನೆರಡು ಮನೆ ಏರಿಸಯ್ಯ, ಎದುರುಗಾಳಿ ಎದ್ದಿದೆ."

"ನೋಡ್ದೆ ಹೆಂಗ್ ಗೊತ್ತಾಯ್ತು ಸಾರ್?"

"ಕಿವಿ ಇಟ್ಕೊಂಡಿರೋದು ಯಾಕೆ? ದಾರ ಪಟಪಟ ಅಂತಿದೆ."

ಎರಡು ಮನೆ ಏರಿಸಿದ್ದಾಯಿತು. ಆ ಪಟಪಟ ನಿಂತು, ಎಳೆದು ಬಿಟ್ಟ ಉಸಿರಿನಂಥ ಒಂದೇ ಸದ್ದು ಉಳಿಯಿತು. ಆಮೇಲೆ ಆ ಹಿರಿಯರು ತಮ್ಮ ಚೀಲದಿಂದ ಬಟ್ಟೆ ಸುತ್ತಿದ ಕೆಂಪು ರೀಲೊಂದನ್ನು ತೆಗೆದರು. ಅಬು ಅಂಬಾಸಡರ್ 5000. ಅದರ ಮೈಮೇಲೆ ಬ್ರೇಕಿನ ಅಂಕಿಗಳೇ ಇಲ್ಲ! ಪಕ್ಕದ ಮುಚ್ಚಳ ಬಿಚ್ಚಿದರೆ ಸಣ್ಣ ಕಡ್ಡಿಗಳ ಮೇಲೆ ಜಾರುವ ಎರಡು ಪುಟ್ಟ ತುಂಡುಗಳು, ಅಷ್ಟೇ. ಅವರು ಬೀಸಿದಾಗ ಹೆಬ್ಬೆರಳು ಸ್ಪೂಲನ್ನು ಮುಟ್ಟಿತ್ತೋ ಇಲ್ಲವೋ ಕಣ್ಣಿಗೆ ಕಾಣಲಿಲ್ಲ.

ಆ ರೀಲಿನ ಹುಟ್ಟೂರು ಸ್ವೀಡನ್ನಿನ ಸ್ವಾಂಗ್‌ಸ್ಟಾ. 1921ರಲ್ಲಿ ಶುರುವಾದ ಕಂಪನಿ, ಅಬು ಎಂಬ ಹೆಸರಿನಲ್ಲೇ 'ಗಡಿಯಾರ ಕಾರ್ಖಾನೆ' ಅಡಗಿದೆ. ಟ್ಯಾಕ್ಸಿಗಳ ಮೀಟರು ಮಾಡುತ್ತಿದ್ದವರು ಎರಡನೇ ಮಹಾಯುದ್ಧದ ಹೊತ್ತಿಗೆ ಆ ವ್ಯಾಪಾರ ಬಿದ್ದುಹೋಗಿ ಮೀನಿನ ರೀಲಿಗೆ ಬಂದರು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಹತ್ತೊಂಬತ್ತನೇ ಶತಮಾನದ ಆದಿಯಲ್ಲಿ, ಅಮೆರಿಕದ ಕೆಂಟಕಿಯ ಪ್ಯಾರಿಸ್ ಎಂಬ ಊರಿನಲ್ಲಿ ಇಂಥ ಗೇರು ರೀಲನ್ನು ಮಾಡಿಕೊಂಡ ಜಾರ್ಜ್ ಸ್ನೈಡರ್ ಕೂಡ ಗಡಿಯಾರ ರಿಪೇರಿಯವನೇ. ದಾರವನ್ನು ಸಮನಾಗಿ ಹರಡಿ ಸುತ್ತುವ ಏರ್ಪಾಡಿಗೆ ಹೆಸರಾದವನು ಮಿಶಿಗನ್ನಿನ ಕಲಮಜೂ ಊರಿನ ವಿಲಿಯಂ ಷೇಕ್ಸ್‌ಪಿಯರ್. ನಾಟಕದವನಲ್ಲ. ಗಡಿಯಾರದ ಕೈಯಿಂದ ಬಂದ ಯಂತ್ರವಾದ್ದರಿಂದಲೇ ಇದಕ್ಕೆ ಕೂದಲೆಳೆಯ ಹೊಂದಾಣಿಕೆಗಳು ಬೇಕು.

ಬ್ರೇಕಿನಲ್ಲಿ ಎರಡು ಮನೆತನಗಳಿವೆ. ಒಂದು ಕೇಂದ್ರಾಪಗಾಮಿ. ಸ್ಪೂಲ್ ತಿರುಗಿದಂತೆ ಪುಟ್ಟ ತುಂಡುಗಳು ಹೊರಕ್ಕೆ ಸಿಡಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡರಷ್ಟಾದರೆ ಅದುಮುವ ಬಲ ನಾಲ್ಕರಷ್ಟು, ವೇಗ ಇಳಿದರೆ ಬ್ರೇಕೇ ಇಲ್ಲವೆನ್ನುವಷ್ಟು ಕಮ್ಮಿ. ಆದ್ದರಿಂದ ಇದು ಮೊದಲ ಗಂಡಾಂತರವನ್ನು ಕಾಯುತ್ತದೆ, ನಡುದಾರಿಯಲ್ಲಿ ಲೂರನ್ನು ಅದರ ಪಾಡಿಗೆ ಬಿಡುತ್ತದೆ, ಕೊನೆಯದನ್ನು ಹೆಬ್ಬೆರಳಿಗೆ ಒಪ್ಪಿಸುತ್ತದೆ. ಇನ್ನೊಂದು ಅಯಸ್ಕಾಂತದ್ದು. ಅಲ್ಯುಮಿನಿಯಂ ಸ್ಪೂಲ್ ಅಯಸ್ಕಾಂತಗಳ ಎದುರು ತಿರುಗುವಾಗ ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟಿ ಆ ತಿರುಗಾಟವನ್ನೇ ವಿರೋಧಿಸುತ್ತದೆ. ಇಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ವೇಗದೊಂದಿಗೆ ಬಲವೂ ಸಮಸಮವಾಗಿ ಏರಿಳಿಯುವುದರಿಂದ ಹಿಡಿತ ಕೊನೆಯವರೆಗೂ ಉಳಿಯುತ್ತದೆ. ಹೊಸಬರಿಗೆ ಇದು ಕರುಣಾಮಯಿ, ಆದರೆ ದೂರವನ್ನು ಒಂದಿಷ್ಟು ತಿನ್ನುತ್ತದೆ.

ಜಪಾನಿನ ದೈವಾ ಕಂಪನಿಯ ಮ್ಯಾಗ್‌ಫೋರ್ಸ್ ಮಾದರಿಗಳಲ್ಲಿ ಕೆಲವು ಈ ಎರಡಕ್ಕೂ ಸಂಬಂಧ ಬೆಳೆಸಿವೆ: ವೇಗ ಹೆಚ್ಚಿದಾಗ ಸ್ಪೂಲಿಗಂಟಿದ ಲೋಹದ ಬಟ್ಟಲು ಸ್ಪ್ರಿಂಗನ್ನು ಮೀರಿ ಅಯಸ್ಕಾಂತದ ನಡುವೆ ಜಾರಿ ಹೋಗುತ್ತದೆ, ವೇಗ ತಗ್ಗಿದಾಗ ಹಿಂದೆ ಸರಿಯುತ್ತದೆ. ಶಿಮಾನೊ ಇನ್ನೂ ಮುಂದೆ ಹೋಗಿ 2003ರ ಕಲ್ಕತ್ತಾ ಕಾಂಕ್ವೆಸ್ಟ್ ಡಿಸಿಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನೇ ಕೂರಿಸಿತು. ಬ್ಯಾಟರಿ ಬೇಡ, ಸ್ಪೂಲಿನ ತಿರುಗಾಟವೇ ಅದಕ್ಕೆ ಕರೆಂಟು. ಬೀಸಿದಾಗ ಸೊಳ್ಳೆಯ ತಂಬೂರಿಯಂತೆ ಕುಂಯ್ ಎನ್ನುತ್ತದೆ, ಆ ಸದ್ದಿಗಾಗಿಯೇ ಕೊಳ್ಳುವವರಿದ್ದಾರೆ. ಒಳ್ಳೆಯ ಯಂತ್ರವೇ ಹೌದು. ಆದರೆ ಅದರಲ್ಲೇ ಅಕ್ಷರಾಭ್ಯಾಸ ಮಾಡಿದವನ ಕೈಗೆ ಮಾಮೂಲಿ ರೀಲು ಕೊಟ್ಟು ನೋಡಬೇಕು, ಹೆಬ್ಬೆರಳು ಅನಾಥವಾಗಿರುತ್ತದೆ.

ಇನ್ನು ಶ್ರುತಿ ಮಾಡುವ ಕೆಲಸ. ಹಿಡಿಯ ಬದಿಯಲ್ಲಿರುವ ಸಣ್ಣ ತಿರುಪನ್ನು ಬಿಗಿ ಮಾಡಿ, ಲೂರ್ ಮೆಲ್ಲಗೆ ಇಳಿದು ನೆಲ ಮುಟ್ಟುತ್ತಲೇ ಸ್ಪೂಲ್ ನಿಲ್ಲುವಂತಿರಬೇಕು ಎಂಬುದು ಅಂಗಡಿಯವರ ಹಳೆಯ ಪಾಠ. ಈ ಬರಹಗಾರನ ಮೊದಲ ರೀಲನ್ನು ಮಾರಿದಾತ ಆ ತಿರುಪನ್ನು ಎಷ್ಟು ಬಿಗಿದಿದ್ದನೆಂದರೆ ಲೂರ್ ಇಳಿಯಲೇ ಇಲ್ಲ. ಆ ತಿರುಪು ಸ್ಪೂಲಿನ ದಂಡದ ತುದಿಯನ್ನು ಒತ್ತುತ್ತದೆ, ಬೀಸಿನ ಉದ್ದಕ್ಕೂ ಒಂದೇ ಸಮ ಹಿಸುಕುತ್ತದೆ. ಅದನ್ನು ಪೂರ್ತಿ ಸಡಿಲಿಸಿ, ಸ್ಪೂಲನ್ನು ಹೆಬ್ಬೆರಳಿನಿಂದ ಎಡಬಲ ಅಲ್ಲಾಡಿಸುತ್ತ, ಟಕಟಕ ಎನ್ನುವುದು ನಿಂತ ಜಾಗಕ್ಕೆ ಬಿಗಿದು, ಮತ್ತೆ ಮುಟ್ಟದಿರುವುದು ಲೇಸು. ಮಿಕ್ಕದ್ದೆಲ್ಲ ಬ್ರೇಕಿನ ಪಾಲು.

ಬ್ರೇಕನ್ನು ಮೊದಲು ತುದಿಗೇರಿಸಬೇಕು. ಹನ್ನೆರಡರಿಂದ ಹದಿನೈದು ಗ್ರಾಮಿನ ಲೂರ್ ಕಟ್ಟಿ, ಕೋಲು ತಾನೇ ಬಾಗಿ ಎಸೆಯುವಂತೆ ನಿಧಾನಕ್ಕೆ ಬೀಸಬೇಕು. ದಾರ ಸ್ಪೂಲಿನ ಮೇಲೆ ಒಂಚೂರೂ ಏಳದಿದ್ದರೆ ಒಂದು ಮನೆ ಇಳಿಸಿ ಇನ್ನಷ್ಟು ಬೀಸುವುದು. ಎಲ್ಲೋ ಒಂದು ಕಡೆ ಬೀಸಿನ ಮೊದಲಲ್ಲೇ ದಾರ ನೊರೆಯಂತೆ ಎದ್ದು ಕಿವಿಗೆ ಪಟಪಟ ಕೇಳುತ್ತದೆ. ಆಗ ಒಂದು ಮನೆ ಹಿಂದಕ್ಕೆ. ಕೇಂದ್ರಾಪಗಾಮಿ ರೀಲಿನಲ್ಲಿ ಆರು ತುಂಡುಗಳಿದ್ದರೆ ಎದುರುಬದುರಿನವನ್ನು ಜೋಡಿಯಾಗಿಯೇ ತೆರೆಯಬೇಕು, ಒಂದೇ ಮಗ್ಗುಲಿನವನ್ನು ತೆರೆದರೆ ಸ್ಪೂಲ್ ನಡುಗುತ್ತದೆ. ಲೂರ್ ಬದಲಾದರೆ, ಗಾಳಿ ತಿರುಗಿದರೆ, ಮತ್ತೆ ಮೊದಲಿನಿಂದ. ಇದು ಬೇಸರವೆನಿಸುವವರಿಗೆ ಸ್ಪಿನ್ನಿಂಗ್ ರೀಲು ಇದೆ.

ಏಳು ಗ್ರಾಮಿಗಿಂತ ಹಗುರದ ಲೂರ್ ಬೀಸುವ ಚಪಲ ಹೊಸಬರಿಗೆ ಬೇಡ. ಅದಕ್ಕೆ ಆಳ ಕಮ್ಮಿಯಿರುವ, ತೀರ ಹಗುರಾದ ಸ್ಪೂಲಿನ ರೀಲುಗಳೇ ಬೇರೆ ಇವೆ, ಅವುಗಳ ಸಂಗೀತವೂ ಬೇರೆ. ಭಾರದ ಗಾಳ ಎಲ್ಲ ತಪ್ಪನ್ನೂ ಕ್ಷಮಿಸುತ್ತದೆ. ಭೀಮೇಶ್ವರಿ, ಗಾಳಿಬೋರೆಗಳ ಕಾವೇರಿಯಲ್ಲಿ ಮಹಸೀರ್‌ಗೆಂದು ರಾಗಿ ಹಿಟ್ಟಿನ ಉಂಡೆ ಎಸೆಯುತ್ತಿದ್ದವರ ದಪ್ಪ ದುಂಡು ರೀಲುಗಳಲ್ಲಿ ಬ್ರೇಕು ಯಾವ ಮನೆಯಲ್ಲಿತ್ತೆಂದು ಯಾರು ವಿಚಾರಿಸಿದರು?

ಗೇರಿನ ಅಂಕಿ, ಅಂದರೆ ಹಿಡಿಯ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತುತ್ತದೆ ಎಂಬುದು, ಎರಡು ಮಾತಿನ ವಿಷಯ. ಜೊಂಡಿನ ಮೇಲೆ ರಬ್ಬರ್ ಕಪ್ಪೆ ಓಡಿಸಿ ಮುರ್ರೆಲ್ ಹಿಡಿಯುವವನಿಗೆ 7ಕ್ಕೆ ಮೇಲಿನದು ಬೇಕು, ಕಚ್ಚಿದ ಮೀನು ಬೇರಿನೊಳಗೆ ನುಗ್ಗುವ ಮೊದಲೇ ಸಡಿಲು ದಾರವನ್ನು ಸುತ್ತಿಕೊಳ್ಳಬೇಕಲ್ಲ. ಆಳಕ್ಕೆ ಮುಳುಗಿ ನೀರನ್ನು ತಳ್ಳುವ ಲೂರಿಗೆ 5ರ ಆಸುಪಾಸು ಸಾಕು, ಮಣಿಕಟ್ಟು ಉಳಿಯುತ್ತದೆ. ಸ್ಪೂಲಿನ ಅಂಚಿನಿಂದ ಮೂರು ಮಿಲಿಮೀಟರ್ ಕೆಳಗೇ ದಾರ ನಿಲ್ಲಲಿ. ಹೆಣೆದ ದಾರವಾದರೆ ಅಡಿಯಲ್ಲಿ ನಾಲ್ಕು ಸುತ್ತು ನೈಲಾನ್ ಇರಲಿ, ಇಲ್ಲದಿದ್ದರೆ ಇಡೀ ಉಂಡೆಯೇ ಜಾರಿ ತಿರುಗುತ್ತದೆ. ಡ್ರ್ಯಾಗ್ ಬಗ್ಗೆ ಮೀನು ಹಿಡಿದ ಮೇಲೆ ಮಾತಾಡಬಹುದು.

ಇಷ್ಟೆಲ್ಲ ಆದಮೇಲೂ ಸಿಕ್ಕು ಬಿದ್ದೇ ಬೀಳುತ್ತದೆ. ಆಗ ಉಗುರು ಹಾಕುವುದಕ್ಕಾಗಲಿ ಕತ್ತರಿ ತೆಗೆಯುವುದಕ್ಕಾಗಲಿ ಮುಂಚೆ ಇದನ್ನೊಮ್ಮೆ ಮಾಡಿ ನೋಡಬೇಕು: ಹೆಬ್ಬೆರಳನ್ನು ಸಿಕ್ಕಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ, ಸ್ಪೂಲನ್ನು ಬಿಡಿಸಿ ದಾರವನ್ನು ಮೆಲ್ಲಗೆ ಹೊರಗೆಳೆಯುವುದು. ಮುಕ್ಕಾಲು ಪಾಲು ಸಿಕ್ಕುಗಳು ಹೀಗೇ ಬಿಟ್ಟುಕೊಡುತ್ತವೆ. ಆ ಕೆಂಪು ರೀಲಿನ ಹಿರಿಯರು ಅಂದು ಇದನ್ನು ಎರಡು ಸಲ ಮಾಡಿ ತೋರಿಸಿದರು. ಮೂರನೇ ಸಲ ಸಿಕ್ಕು ಬಿದ್ದದ್ದು ಅವರದೇ ರೀಲಿನಲ್ಲಿ. ದಾರ ಪಟ್ಟನೆ ತುಂಡಾಗಿ ಲೂರ್ ಕೆರೆಯ ನಡುವೆ ಹೋಗಿ ಬಿತ್ತು. ಅವರು ಅದು ಮುಳುಗಿದ ಜಾಗವನ್ನು ಒಂದು ಗಳಿಗೆ ನೋಡಿ, ಫ್ಲಾಸ್ಕಿನ ಮುಚ್ಚಳ ತೆರೆದು, ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು.