‘ಈ ಬ್ರೌಸರಿನಲ್ಲೇ ನೋಡಿ’: ಒಂದು ಸೂಚನೆಯ ವಿಮರ್ಶೆ

ಜಾಲತಾಣಗಳ ಬುಡದಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಇರುತ್ತಿದ್ದುದನ್ನು ನೀವು ಗಮನಿಸಿರಬಹುದು. ಈ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ, 1024×768 ರೆಸಲ್ಯೂಷನ್‌ನಲ್ಲಿ ನೋಡಿದರೆ ಚೆನ್ನ ಎಂಬ ಧಾಟಿಯ ಸಾಲು ಅದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಅನ್ನು ಮೈಕ್ರೋಸಾಫ್ಟ್ ಸಂಸ್ಥೆ 2022ರ ಜೂನ್ 15ರಂದು ನಿವೃತ್ತಿಗೊಳಿಸಿತು. ಆದರೆ ಆ ಸಾಲಿನ ಹಿಂದಿನ ಮನೋಭಾವ ಇನ್ನೂ ನಿವೃತ್ತವಾಗಿಲ್ಲ. ಪುಟ ಸರಿಯಾಗಿ ಮೂಡದಿದ್ದರೆ ‘ಬೇರೆ ಬ್ರೌಸರಿನಲ್ಲಿ ನೋಡಿ’ ಎನ್ನುವುದೇ ಇಂದಿಗೂ ಸಿಗುವ ಮೊದಲ ಉತ್ತರ. ಈ ಸಲಹೆ ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಕನ್ನಡದ ಜಾಲಪುಟಗಳನ್ನೇ ಮುಂದಿಟ್ಟುಕೊಂಡು ಪರಿಶೀಲಿಸೋಣ.

ಕೊಡೇಕಲ್ಲಿನ ಲಿಪಿ ಕಲಿಸುವ ಪಾಠ

ಯಾದಗಿರಿ ಜಿಲ್ಲೆಯ ಕೊಡೇಕಲ್ ಮೊದಲು ಸುರಪುರ ತಾಲ್ಲೂಕಿನಲ್ಲಿದ್ದ, ಈಗ ಹುಣಸಗಿ ತಾಲ್ಲೂಕಿಗೆ ಸೇರಿದ ಊರು. ಕೊಡೇಕಲ್ ಬಸವಣ್ಣನ ಪರಂಪರೆಗೂ ಕಾಲಜ್ಞಾನ ಸಾಹಿತ್ಯಕ್ಕೂ ಹೆಸರಾದದ್ದು. ಈ ಪರಂಪರೆಯ ಹೊತ್ತಿಗೆಗಳಲ್ಲಿ ‘ಅಮರಗನ್ನಡ’ ಎಂಬ ಲಿಪಿಯ ಬಳಕೆ ಇದೆ. ಭಾಷೆ ಕನ್ನಡವೇ, ಆದರೆ ಅಕ್ಷರಗಳ ಆಕಾರ ಬೇರೆ. ಆ ಲಿಪಿಯ ಕೀಲಿಕೈ ತಿಳಿದವರು ಓದಬಲ್ಲರು. ತಿಳಿಯದವರು ಎಷ್ಟೇ ದೊಡ್ಡ ಕನ್ನಡ ಪಂಡಿತರಾಗಿದ್ದರೂ ಹೊತ್ತಿಗೆಯ ಮುಂದೆ ಸುಮ್ಮನೆ ಕೂರಬೇಕು.

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುಂಚೆ ಕನ್ನಡದ ಅನೇಕ ಜಾಲಪುಟಗಳ ಸ್ಥಿತಿಯೂ ಹೀಗೆಯೇ ಇತ್ತು. ಅಮರಗನ್ನಡವನ್ನು ಬಳಸಿದವರು ತಿಳಿದೇ ಬಳಸಿದರು. ಜಾಲಪುಟಗಳನ್ನು ರೂಪಿಸಿದವರಿಗೆ ಮಾತ್ರ ತಾವು ಬೀಗ ಹಾಕುತ್ತಿದ್ದೇವೆ ಎಂಬ ಅರಿವು ಬಹುಮಟ್ಟಿಗೆ ಇರಲಿಲ್ಲ.

ಬೀಗ ಹೇಗೆ ಬಿತ್ತು ಎಂಬುದನ್ನು ನೋಡಿ. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಳೆಯ ಕ್ರಮದಲ್ಲಿ ಇಂಗ್ಲಿಷ್ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮನೆಯೊಳಗೆ ಕನ್ನಡದ ಆಕಾರಗಳನ್ನು ತುಂಬಲಾಗುತ್ತಿತ್ತು. ಉದಾಹರಣೆಗೆ ‘ನುಡಿ’ ತಂತ್ರಾಂಶದ ಹಳೆಯ ಸಂಕೇತ ಕ್ರಮದಲ್ಲಿ ‘ಕ’ ಅಕ್ಷರದ ಒಡಲು ಕೂರುವುದು ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿ. ಅದರ ತಲೆಕಟ್ಟಿಗೆ ಇನ್ನೊಂದು ಮನೆ. ಆ ಅಕ್ಷರಶೈಲಿ, ಅಂದರೆ ಫಾಂಟ್, ನಿಮ್ಮ ಗಣಕದಲ್ಲಿದ್ದರೆ ತೆರೆಯ ಮೇಲೆ ‘ಕನ್ನಡ’ ಎಂದು ಕಾಣುತ್ತದೆ. ಇಲ್ಲದಿದ್ದರೆ ‘ಪಿ’ಯಿಂದ ಶುರುವಾಗುವ, ಯಾವ ಭಾಷೆಗೂ ಸೇರದ ಚಿಹ್ನೆಗಳ ರಾಶಿ ಕಾಣುತ್ತದೆ. ಕನ್ನಡವೆಂಬುದು ಅಲ್ಲಿ ಮುಖವಾಡ ಮಾತ್ರ.

ಓದುಗರು ಪ್ರತಿ ತಾಣಕ್ಕೂ ಒಂದೊಂದು ಫಾಂಟ್ ಇಳಿಸಿಕೊಳ್ಳುವ ಕಷ್ಟ ತಪ್ಪಿಸಲು ಬಂದದ್ದು ‘ಡೈನಮಿಕ್ ಫಾಂಟ್’ ವಿಧಾನ. ಪುಟದ ಜೊತೆಯಲ್ಲೇ ಫಾಂಟ್ ಕೂಡ ಬಂದು ಇಳಿಯುತ್ತಿತ್ತು. 1997ರ ಸುಮಾರಿಗೆ ಮೈಕ್ರೋಸಾಫ್ಟ್ ಇದಕ್ಕೆ ಒಂದು ರೂಪ ಕೊಟ್ಟಿತು, ನೆಟ್‌ಸ್ಕೇಪ್ ಇನ್ನೊಂದನ್ನು ಅಳವಡಿಸಿತು. ಒಂದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಪೈಪೋಟಿಯಲ್ಲಿ ನೆಟ್‌ಸ್ಕೇಪ್ ಸೋತ ಮೇಲೆ ಮೈಕ್ರೋಸಾಫ್ಟ್ ರೂಪವೊಂದೇ ಉಳಿಯಿತು. ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಿಡುಗಡೆಯಾದಾಗ ಉತ್ಸಾಹದಿಂದ ಅದನ್ನು ಹಾಕಿಕೊಂಡ ಕನ್ನಡಿಗರಿಗೆ ಇಂಥ ಪುಟಗಳಲ್ಲಿ ಚಿಹ್ನೆಗಳ ರಾಶಿಯೇ ಎದುರಾಯಿತು. ದೂರು ಬಿದ್ದದ್ದು ಫೈರ್‌ಫಾಕ್ಸ್ ಮೇಲೆ. ನಿಜದಲ್ಲಿ ಅದು ಪುಟದಲ್ಲಿ ಏನಿತ್ತೋ ಅದನ್ನೇ ತೋರಿಸುತ್ತಿತ್ತು. ಮುಖವಾಡ ಕಳಚಿ ಬಿದ್ದಿತ್ತು, ಅಷ್ಟೆ.

ಆ ಕಾಲದವರಿಗೆ ನ್ಯಾಯ ಸಲ್ಲಿಸಬೇಕಾದ ಮಾತೊಂದಿದೆ. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿದ್ದರೂ ವಿಂಡೋಸ್ 98ರಂಥ ವ್ಯವಸ್ಥೆಗಳಲ್ಲಿ ಅದನ್ನು ಬಳಸುವ ಅನುಕೂಲ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ಆದರೂ ಕ್ಲಿಷ್ಟ ಲಿಪಿಗಳ ಬೆಂಬಲವನ್ನು ಸಿ.ಡಿ. ಹಾಕಿ ಪ್ರತ್ಯೇಕವಾಗಿ ಅನುಸ್ಥಾಪಿಸಬೇಕಿತ್ತು. ಅಂಥ ದಿನಗಳಲ್ಲಿ ಡೈನಮಿಕ್ ಫಾಂಟ್ ಇಲ್ಲದಿದ್ದರೆ ಜಾಲದಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದ್ದರಿಂದ ತಾತ್ಕಾಲಿಕ ಸೇತುವೆ ಕಟ್ಟಿದವರನ್ನು ದೂರುವಂತಿಲ್ಲ. ಪಕ್ಕದಲ್ಲಿ ಹೆದ್ದಾರಿ ಆದ ಮೇಲೂ ಆ ಸೇತುವೆಯ ಮೇಲೇ ಜನರನ್ನು ನಡೆಸಿದ್ದು ಆಕ್ಷೇಪಾರ್ಹ.

ತಪ್ಪು ಬ್ರೌಸರಿನದೇ ಆದಾಗ

ಹಾಗೆಂದು ಪ್ರತಿ ಸಲವೂ ಪುಟದ್ದೇ ತಪ್ಪು ಎನ್ನಲಾಗದು. ಯೂನಿಕೋಡಿನಲ್ಲಿ ‘ಸೂರ್ಯ’ ಎಂಬ ಪದವನ್ನು ಐದು ಸಂಕೇತಗಳಾಗಿ ದಾಖಲಿಸಲಾಗುತ್ತದೆ: ಸ, ದೀರ್ಘ ಊಕಾರದ ಚಿಹ್ನೆ, ರ, ವಿರಾಮದ ಚಿಹ್ನೆ, ಯ. ಉಚ್ಚಾರಣೆಯಲ್ಲಿ ರಕಾರ ಮೊದಲು ಬರುತ್ತದೆ. ಆದರೆ ಬರವಣಿಗೆಯಲ್ಲಿ ಅರ್ಕಾವೊತ್ತು ‘ಯ’ದ ಬಲಗಡೆಗೆ ಕೂರಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಅದು ಬಾರದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿರುತ್ತವೆ.

ಫೈರ್‌ಫಾಕ್ಸ್ 3ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇಂಥ ದೋಷವೊಂದಿತ್ತು. ಪ್ಯಾರಾದ ಎರಡೂ ಅಂಚುಗಳನ್ನು ಸಮ ಮಾಡಿದ ಪುಟಗಳಲ್ಲಿ ಭಾರತೀಯ ಲಿಪಿಗಳ ಸ್ವರಚಿಹ್ನೆ, ಒತ್ತುಗಳು ಚೆದುರಿಹೋಗುತ್ತಿದ್ದವು. 2008ರಲ್ಲಿ ಬಂದ 3ನೆಯ ಆವೃತ್ತಿಯಲ್ಲಿ ಅದು ಸರಿಹೋಯಿತು. ಆವರೆಗೆ ‘ಬೇರೆ ಬ್ರೌಸರಿನಲ್ಲಿ ನೋಡಿ’ ಎಂಬ ಸಲಹೆ ನ್ಯಾಯವೇ ಆಗಿತ್ತು.

ಇನ್ನೊಂದು ಉದಾಹರಣೆ ಕೈಫೋನಿನದು. ಕನ್ನಡ ಫಾಂಟ್ ಇಲ್ಲದ ಅಗ್ಗದ ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಆಗ ನೆರವಿಗೆ ಬಂದದ್ದು ಒಪೇರಾ ಮಿನಿ. ಈ ಬ್ರೌಸರಿನಲ್ಲಿ ಪುಟವನ್ನು ತೆರೆಯುವ ಹೆಚ್ಚಿನ ಕೆಲಸ ಫೋನಿನಲ್ಲಿ ಅಲ್ಲ, ಕಂಪನಿಯ ಸರ್ವರಿನಲ್ಲಿ ನಡೆಯುತ್ತದೆ. ಅದರ ವಿಳಾಸಪಟ್ಟಿಯಲ್ಲಿ ‘ಒಪೇರಾ’, ವಿವರಣೆ ಚಿಹ್ನೆ, ‘ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಒಂದು ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತಿತ್ತು. ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆ ಅಲ್ಲಿತ್ತು. ಅದಕ್ಕೆ ‘ಯೆಸ್’ ಎಂದರೆ ಅಕ್ಷರಗಳು ಸರ್ವರಿನಲ್ಲೇ ಚಿತ್ರಗಳಾಗಿ ಫೋನಿಗೆ ಬರುತ್ತಿದ್ದವು. ಫೋನಿಗೆ ಕನ್ನಡ ಗೊತ್ತಿಲ್ಲದಿದ್ದರೂ ಓದುಗನಿಗೆ ಕನ್ನಡ ಕಾಣುತ್ತಿತ್ತು. ಪರ್ಯಾಯ ಬ್ರೌಸರ್ ಎಂಬ ಮಾತು ಸಾರ್ಥಕವಾದ ಸಂದರ್ಭ ಇದು. ಬೆಂಗಳೂರಿನ ಮೇಜುಗಣಕಗಳಿಗಿಂತ ಹಳ್ಳಿಯ ಕೈಫೋನುಗಳಿಗೆ ಇದರಿಂದ ಆದ ಉಪಕಾರ ಹೆಚ್ಚು.

ಹೆಸರು ಹಲವು, ಎಂಜಿನ್ ಮೂರು

ಈಗ ಇಂದಿನ ಸ್ಥಿತಿಗೆ ಬರೋಣ. ಪುಟವನ್ನು ಓದಿ ತೆರೆಯ ಮೇಲೆ ಚಿತ್ರಿಸುವ ಬ್ರೌಸರಿನ ಒಳಭಾಗಕ್ಕೆ ಎಂಜಿನ್ ಎನ್ನುತ್ತಾರೆ. ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ: ಗೂಗಲ್‌ನ ಬ್ಲಿಂಕ್, ಆ್ಯಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕ್ಕೊ. ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಕೆಎಚ್‌ಟಿಎಂಎಲ್ ಎಂಜಿನ್‌ನಿಂದ ವೆಬ್‌ಕಿಟ್ ಹುಟ್ಟಿತು. ವೆಬ್‌ಕಿಟ್‌ನಿಂದ 2013ರಲ್ಲಿ ಬ್ಲಿಂಕ್ ಕವಲೊಡೆಯಿತು. ಅದೇ ವರ್ಷ ಒಪೇರಾ ತನ್ನ ಸ್ವಂತ ಎಂಜಿನನ್ನು ಕೈಬಿಟ್ಟಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಜ್ ಕೂಡ ಬ್ಲಿಂಕ್‌ಗೆ ಬದಲಾಯಿತು.

ಇದರ ಪರಿಣಾಮವೇನೆಂದರೆ ಕ್ರೋಮ್, ಎಜ್, ಒಪೇರಾ, ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್‌ನೆಟ್ ಇವೆಲ್ಲ ಬೇರೆ ಬೇರೆ ಅಂಗಡಿಗಳಾದರೂ ಒಳಗಿನ ಗಿರಣಿ ಒಂದೇ. ಕ್ರೋಮ್‌ನಲ್ಲಿ ಮೂಡದ ಪುಟವನ್ನು ಒಪೇರಾದಲ್ಲಿ ತೆರೆದು ‘ಅಲ್ಲೂ ಬರಲಿಲ್ಲ’ ಎಂದರೆ ಏನೂ ಪರೀಕ್ಷಿಸಿದಂತಾಗಲಿಲ್ಲ. ಪರ್ಯಾಯ ಬೇಕೆಂದರೆ ಎಂಜಿನ್ ಬದಲಾಗಬೇಕು. ಕ್ರೋಮ್ ಬಳಸುವವರು ಫೈರ್‌ಫಾಕ್ಸ್‌ನಲ್ಲಿ, ಫೈರ್‌ಫಾಕ್ಸ್ ಬಳಸುವವರು ಕ್ರೋಮ್ ಅಥವಾ ಎಜ್‌ನಲ್ಲಿ ತೆರೆದು ನೋಡಬೇಕು. ನಮ್ಮ ದೇಶದ ಐಫೋನುಗಳಲ್ಲಂತೂ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗಿರುವುದು ವೆಬ್‌ಕಿಟ್. ಅವರು ಬೇರೊಂದು ಸಾಧನದಲ್ಲೇ ಪರೀಕ್ಷಿಸಬೇಕು.

ಅದಕ್ಕೂ ಮೊದಲು ಮಾಡಬಹುದಾದ ಮೂರು ಸುಲಭ ಪರೀಕ್ಷೆಗಳಿವೆ. ಮೊದಲನೆಯದು, ಪುಟದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡುವುದು. ಕನ್ನಡವೇ ಬಂದರೆ ಅದು ಯೂನಿಕೋಡ್ ಪುಟ, ಬೇರೆ ಬ್ರೌಸರಿನಲ್ಲಿ ಸರಿಹೋಗುವ ಸಾಧ್ಯತೆ ಇದೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ದೋಷ ಪುಟದ ಒಡಲಲ್ಲೇ ಇದೆ. ಅದಕ್ಕೆ ಬೇಕಾದದ್ದು ಬ್ರೌಸರ್ ಅಲ್ಲ, ಆ ಫಾಂಟ್ ಅಥವಾ ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ. ಎರಡನೆಯದು, ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲಿ ತೆರೆಯುವುದು. ಹಳಸಿದ ಸಂಗ್ರಹ ಅಥವಾ ಯಾವುದಾದರೂ ಉಪತಂತ್ರಾಂಶ ಅಡ್ಡಿಯಾಗಿದ್ದರೆ ಇಲ್ಲಿ ಗೊತ್ತಾಗುತ್ತದೆ. ಮೂರನೆಯದು ಫೋನಿನವರಿಗೆ: ಮೆನುವಿನ ‘ಡೆಸ್ಕ್‌ಟಾಪ್ ಸೈಟ್’ ಆಯ್ಕೆ. ಗುಂಡಿಗಳು ತೆರೆಯಾಚೆ ಹೋಗಿದ್ದರೆ ಇದರಿಂದ ಸಿಗಬಹುದು.

ಒಂದು ಎಚ್ಚರಿಕೆ. ಪರ್ಯಾಯದ ಹುಡುಕಾಟದಲ್ಲಿ ಸಿಕ್ಕಿದ ಬ್ರೌಸರನ್ನೆಲ್ಲ ಹಾಕಿಕೊಳ್ಳಬೇಡಿ. ಬ್ರೌಸರಿಗೆ ನಿಮ್ಮ ಗುಪ್ತಪದಗಳೂ ಬ್ಯಾಂಕಿನ ವ್ಯವಹಾರವೂ ಕಾಣುತ್ತವೆ. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಯುಸಿ ಬ್ರೌಸರ್, ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದು. ಹಾಗೆಯೇ ಒಂದು ಹಳೆಯ ತಾಣಕ್ಕಾಗಿ ಬ್ರೌಸರಿನ ಹಳೆಯ ಆವೃತ್ತಿಯನ್ನು ಹುಡುಕಿ ಹಾಕುವುದೂ ಅಪಾಯ. ಭದ್ರತೆಯ ತೇಪೆಗಳು ಅದಕ್ಕೆ ಬರುವುದಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆಂದೇ ರಚಿಸಿದ ತಾಣ ಅನಿವಾರ್ಯವಾದರೆ ಎಜ್‌ನೊಳಗೆ ‘ಐಇ ಮೋಡ್’ ಇದೆ. ಕನಿಷ್ಠ 2029ರವರೆಗೆ ಅದನ್ನು ಉಳಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ.

ಹೊರೆ ಯಾರ ತಲೆಯ ಮೇಲೆ?

ಈಗ ವಿಮರ್ಶೆಯ ಮುಖ್ಯ ಅಂಶ. ‘ಬೇರೆ ಬ್ರೌಸರಿನಲ್ಲಿ ನೋಡಿ’ ಎಂಬ ಸಲಹೆಯಲ್ಲಿ ಒಂದು ಊಹೆ ಅಡಗಿದೆ. ಓದುವವನ ಬಳಿ ಸ್ವಂತ ಗಣಕವಿದೆ, ಇನ್ನೊಂದು ಬ್ರೌಸರ್ ಇಳಿಸಿಕೊಳ್ಳಲು ಜಾಗವಿದೆ, ಡೇಟಾ ಇದೆ, ತಿಳಿವಳಿಕೆ ಇದೆ ಎಂಬ ಊಹೆ. ಕೊಡೇಕಲ್ಲಿನಂಥ ಊರಿನಲ್ಲಿ ಪಹಣಿ ನೋಡಬೇಕಾದ ರೈತನ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ಫೋನು, ಅದರಲ್ಲಿ ಜೊತೆಗೇ ಬಂದ ಒಂದು ಬ್ರೌಸರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಮಳೆಗಾಲದಲ್ಲಿ ತಿಳಿಯಬೇಕಾದ ನದಿದಂಡೆಯವರ ಸ್ಥಿತಿಯೂ ಇದೇ. ಅಂಥವರಿಗೆ ಪುಟ ಮೂಡದಿದ್ದರೆ ಅವರು ಬ್ರೌಸರ್ ಬದಲಿಸುವುದಿಲ್ಲ. ಕೆಲಸ ಬಿಟ್ಟು ಬಸ್ಸು ಹತ್ತುತ್ತಾರೆ, ಇಲ್ಲವೇ ಮಧ್ಯದವರಿಗೆ ದುಡ್ಡು ಕೊಡುತ್ತಾರೆ. ತಾಣ ರಚಿಸಿದವರು ಒಂದು ದಿನ ಪರೀಕ್ಷಿಸದೆ ಉಳಿಸಿದ ಶ್ರಮವನ್ನು ಸಾವಿರಾರು ಜನ ತಮ್ಮ ಕೂಲಿಯಿಂದ ತೀರಿಸುತ್ತಾರೆ.

ಶಿಷ್ಟತೆಗಳು ಇಲ್ಲದ ಕಾಲ ಇದಲ್ಲ. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಲ್ಲೇ ಮಾರ್ಗಸೂಚಿ ಬಂದಿದೆ. ತಾಣವನ್ನು ಹಲವು ಬ್ರೌಸರುಗಳಲ್ಲಿ ಪರೀಕ್ಷಿಸಬೇಕು, ಭಾರತೀಯ ಭಾಷೆಗಳಿಗೆ ಯೂನಿಕೋಡ್ ಬಳಸಬೇಕು ಎಂದು ಅದು ಹೇಳುತ್ತದೆ. ಪುಟದೊಂದಿಗೆ ಫಾಂಟ್ ಕಳಿಸುವ ‘ವಾಫ್’ ಎಂಬ ರೂಪ 2012ರಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟದ ಶಿಷ್ಟತೆಯಾಯಿತು. ಅದು ಎಲ್ಲ ಎಂಜಿನ್‌ಗಳಲ್ಲೂ ನಡೆಯುತ್ತದೆ. ಡೈನಮಿಕ್ ಫಾಂಟ್‌ನ ಕನಸು ಹೀಗೆ ಎಲ್ಲರ ಸೊತ್ತಾಯಿತು. ಇಷ್ಟಿದ್ದೂ ಪುಟ ಒಂದೇ ಬ್ರೌಸರಿನಲ್ಲಿ ಮೂಡುತ್ತದೆ ಎಂದರೆ ಅದು ತಂತ್ರಜ್ಞಾನದ ಮಿತಿಯಲ್ಲ, ಅಸಡ್ಡೆ.

ಇಂದಿನ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಅಂದು ‘ಎಕ್ಸ್‌ಪ್ಲೋರರಿನಲ್ಲೇ ನೋಡಿ’ ಎಂದು ಕನಿಷ್ಠ ಬರೆದಿರುತ್ತಿದ್ದರು. ಇಂದು ಕ್ರೋಮ್‌ನಲ್ಲಿ ಮಾತ್ರ ಪರೀಕ್ಷಿಸಿ, ಏನೂ ಬರೆಯದೆ ಬಿಡುತ್ತಾರೆ. ಆಗ ಒಂದೇ ಬ್ರೌಸರನ್ನು ನೆಚ್ಚಿದ ಕನ್ನಡ ಪುಟಗಳ ಗತಿ ಏನಾಯಿತೆಂದು ನೋಡಿದ್ದೇವೆ. ಆ ಬ್ರೌಸರ್ ಹೋಯಿತು, ಜೊತೆಗೆ ಓದುವ ಸಾಧ್ಯತೆಯೂ ಹೋಯಿತು. ಪರಿವರ್ತಿಸದೆ ಉಳಿದ ಹಳೆಯ ಪುಟಗಳಲ್ಲಿ ಕನ್ನಡ ಪದವನ್ನು ಹುಡುಕಿದರೆ ಶೋಧಕ ಯಂತ್ರಕ್ಕೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ದಾಖಲಾಗಿರುವುದು ಕನ್ನಡವೇ ಅಲ್ಲ. ಅಮರಗನ್ನಡಕ್ಕಾದರೂ ಕೀಲಿಕೈ ಕಾಯ್ದುಕೊಂಡು ಬಂದ ಪರಂಪರೆ ಇತ್ತು. ಈ ಪುಟಗಳಿಗೆ ಅದೂ ಇಲ್ಲ.

ಆದ್ದರಿಂದ ಓದುಗರೇ, ಪುಟ ಮೂಡದಿದ್ದಾಗ ಬೇರೆ ಎಂಜಿನ್‌ನ ಬ್ರೌಸರಿನಲ್ಲಿ ತೆರೆದು ನೋಡಿ. ಆದರೆ ಅದನ್ನು ರೋಗಪರೀಕ್ಷೆ ಎಂದು ತಿಳಿಯಿರಿ, ಚಿಕಿತ್ಸೆ ಎಂದಲ್ಲ. ಅಲ್ಲಿ ಸರಿಯಾಗಿ ಕಂಡರೆ ಕೆಲಸ ಮುಗಿಯಿತೆಂದು ಸುಮ್ಮನಾಗದೆ ತಾಣದವರಿಗೆ ನಾಲ್ಕು ಸಾಲು ಬರೆಯಿರಿ: ಯಾವ ಪುಟ, ಯಾವ ಬ್ರೌಸರ್, ಅದರ ಆವೃತ್ತಿ ಎಷ್ಟು, ಏನು ಕಾಣಬೇಕಿತ್ತು, ಏನು ಕಂಡಿತು. ತೆರೆಯ ಚಿತ್ರವನ್ನೂ ಲಗತ್ತಿಸಿ. ಶಾಲೆ, ಪಂಚಾಯಿತಿ, ಸಂಘಗಳಿಗೆ ತಾಣ ರಚಿಸಿಕೊಡುವ ತರುಣರು ನಿಮ್ಮಲ್ಲಿದ್ದರೆ ಅವರಿಗೊಂದು ಮಾತು. ಪುಟವನ್ನು ಹೊರಬಿಡುವ ಮೊದಲು ಎರಡು ಎಂಜಿನ್‌ಗಳಲ್ಲೂ, ಊರಿನ ಅತ್ಯಂತ ಅಗ್ಗದ ಫೋನಿನಲ್ಲೂ ಒಮ್ಮೆ ತೆರೆದು ನೋಡಿ. ಅದು ಅರ್ಧ ಗಂಟೆಯ ಕೆಲಸ.