ಮೂವತ್ತು ಸೆಕೆಂಡಿನ ಖ್ಯಾತಿ

ಗ್ಯಾರೇಜಿನ ನೆಲದ ಮೇಲೊಂದು ಕಾರು. ಅದರ ಹೊಟ್ಟೆಯಡಿ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಚೌಕಟ್ಟು. ಬಟನ್ ಒತ್ತಿದೊಡನೆ ಪಂಪು ಗುಂಯ್‌ಗುಡುತ್ತದೆ, ಅರ್ಧ ನಿಮಿಷದಲ್ಲಿ ನಾಲ್ಕೂ ಚಕ್ರ ನೆಲ ಬಿಟ್ಟಿರುತ್ತವೆ. ಪರದೆಯ ಮೂಲೆಯಲ್ಲಿ ಸೆಕೆಂಡುಗಳ ಲೆಕ್ಕ ಓಡುತ್ತಿರುತ್ತದೆ. ಅಮೆರಿಕದ ಮನೆ ಗ್ಯಾರೇಜುಗಳಿಂದ ಹೊರಬರುವ ವಿಮರ್ಶೆಯ ವಿಡಿಯೊಗಳಲ್ಲಿ ಈ ದೃಶ್ಯ ಎಷ್ಟು ಸಲ ಮರುಕಳಿಸಿದೆಯೆಂದರೆ, ಮನೆಬಳಕೆಯ ಹೈಡ್ರಾಲಿಕ್ ಲಿಫ್ಟ್ ಎಂದರೆ ಆ ಮೂವತ್ತು ಸೆಕೆಂಡೇ ಎಂಬಂತಾಗಿದೆ.

ಈ ಬಗೆಯ ಲಿಫ್ಟ್‌ಗಳಲ್ಲಿ ಹೆಸರು ಮಾಡಿರುವುದು ಕ್ಯಾಲಿಫೋರ್ನಿಯಾದ ಬೆಂಡ್‌ಪ್ಯಾಕ್ ಕಂಪನಿಯ ಕ್ವಿಕ್‌ಜ್ಯಾಕ್. ಮಡಚಿದಾಗ ಮೂರೇ ಇಂಚು ಎತ್ತರವಿರುವುದರಿಂದ ತಗ್ಗಾದ ಕಾರಿನಡಿಗೂ ತೂರುತ್ತದೆ. ಹೆಚ್ಚು ಮಾತಿಗೆ ಬರುವ ಮಾದರಿ 5000 ಪೌಂಡ್, ಅಂದರೆ ಸುಮಾರು 2268 ಕಿಲೋ ಎತ್ತುತ್ತದೆ. ಪೂರ್ತಿ ಎತ್ತಿದಾಗ ಕಾರು ನೆಲದಿಂದ ಇಪ್ಪತ್ತು ಇಂಚಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಚೌಕಟ್ಟುಗಳನ್ನು ಗೋಡೆಗೆ ತೂಗುಹಾಕಬಹುದು. ಮಾಮೂಲಿ ಟ್ರಾಲಿ ಜಾಕ್ ಮತ್ತು ನಾಲ್ಕು ಸ್ಟ್ಯಾಂಡ್‌ಗಳಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು.

ಪಾಸ್ಕಲ್‌ನ ನಿಯಮ, ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್, ಮೆಂಫಿಸ್‌ನ ಪೀಟರ್ ಲುನಾಟಿ 1920ರ ದಶಕದಲ್ಲಿ ಕ್ಷೌರದಂಗಡಿಯ ಕುರ್ಚಿ ನೋಡಿ ರೂಪಿಸಿದನೆನ್ನಲಾಗುವ ಕಾರಿನ ಲಿಫ್ಟ್ ಇವೆಲ್ಲ ಗೊತ್ತಿರುವ ಕಥೆ. ಎರಡು ಕಂಬದ ಲಿಫ್ಟ್‌ಗೆ ಹನ್ನೊಂದು ಹನ್ನೆರಡು ಅಡಿ ಎತ್ತರದ ಚಾವಣಿ ಬೇಕು, ಎಂಟು ಒಂಬತ್ತು ಅಡಿಯ ಮನೆ ಗ್ಯಾರೇಜಿನಲ್ಲಿ ಅದು ಹಿಡಿಸುವುದಿಲ್ಲ ಎಂಬುದೂ ಗೊತ್ತಿರುವುದೇ. ಆ ಕೊರತೆಯಿಂದಲೇ ಒಯ್ಯಬಲ್ಲ ಲಿಫ್ಟ್ ಹುಟ್ಟಿಕೊಂಡಿತು. ಅದರ ಹುಟ್ಟಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಖ್ಯಾತಿಯ ಬಗ್ಗೆ: ಈ ಉಪಕರಣವನ್ನು ಅದರ ಅತ್ಯಂತ ಸಾಧಾರಣ ಗುಣಕ್ಕಾಗಿ ಹೊಗಳಲಾಗುತ್ತಿದೆ, ಅದರ ನಿಜವಾದ ಗುಣ ಮತ್ತು ನಿಜವಾದ ದೋಷ ಎರಡೂ ಕಣ್ಣಿಗೆ ಬೀಳದೆ ಉಳಿದಿವೆ.

ಎರಡನ್ನೂ ಕಾಣಬೇಕಾದರೆ ಆ ಮೂವತ್ತು ಸೆಕೆಂಡುಗಳನ್ನೇ ನಿಧಾನವಾಗಿ ನೋಡಬೇಕು.

ಚೌಕಟ್ಟಿನ ರಚನೆ ಸರಳ. ಕೆಳಗೊಂದು ಉದ್ದನೆಯ ತಳ, ಮೇಲೊಂದು ಉದ್ದನೆಯ ಪಟ್ಟಿ, ಎರಡನ್ನೂ ಜೋಡಿಸುವ ಸಮಾನಾಂತರ ತೋಳುಗಳು. ಮಲಗಿದ ತೋಳನ್ನು ಸಿಲಿಂಡರ್ ತಳ್ಳಿ ಎಬ್ಬಿಸುತ್ತದೆ. ತೋಳು ಮಲಗಿರುವಾಗ ಸಿಲಿಂಡರ್ ಕೂಡ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಹಾಗಾಗಿ ಮೊದಲ ಕೆಲವು ಇಂಚುಗಳಲ್ಲಿ ಅದರ ಬಲದ ಬಹುಪಾಲು ಕಾರನ್ನು ಮೇಲೆತ್ತುವುದಕ್ಕೆ ಒದಗುವುದಿಲ್ಲ, ಎಣ್ಣೆಯ ಒತ್ತಡ ತಾರಕಕ್ಕೇರುವುದು ಆಗಲೇ. ತೋಳು ಏಳುತ್ತ ಹೋದಂತೆ ಕೆಲಸ ಹಗುರವಾಗುತ್ತದೆ. ಆರಂಭದಲ್ಲಿ ಪಂಪು ನರಳುವುದನ್ನು ಕೇಳಿ ಯಂತ್ರ ಸೋಲುತ್ತಿದೆ ಎಂದುಕೊಳ್ಳುವವರಿದ್ದಾರೆ. ಅದು ಸೋಲಲ್ಲ, ರಚನೆಯ ಲಕ್ಷಣ.

ಹೆಚ್ಚು ಯೋಚಿಸಬೇಕಾದದ್ದು ಬೇರೆಯದು. ಇಂಥ ತೋಳಿನ ತುದಿ ನೆಟ್ಟಗೆ ಏರುವುದಿಲ್ಲ, ಕಮಾನಿನ ಹಾದಿಯಲ್ಲಿ ಏರುತ್ತದೆ. ಕಾರು ಮೇಲೆ ಹೋಗುವುದರ ಜೊತೆಗೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಎಷ್ಟು? ಲೆಕ್ಕಕ್ಕಾಗಿ ತೋಳಿನ ಉದ್ದ 24 ಇಂಚು, ಅದು ಪೂರ್ತಿ ಮಲಗಿದ ಸ್ಥಿತಿಯಿಂದ ಏಳುತ್ತದೆ ಎಂದಿಟ್ಟುಕೊಳ್ಳೋಣ. ತುದಿ 6 ಇಂಚು ಏರುವ ಹೊತ್ತಿಗೆ ಹಿಂದಕ್ಕೋ ಮುಂದಕ್ಕೋ ಸರಿದಿರುವುದು ಮುಕ್ಕಾಲು ಇಂಚು ಮಾತ್ರ. 20 ಇಂಚು ಏರಿದಾಗ ಸರಿದಿರುವುದು ಹತ್ತೂಮುಕ್ಕಾಲು ಇಂಚು. ಅಂದರೆ ಕಾರು ನೆಲ ಬಿಟ್ಟ ಮೇಲೆಯೇ ಅದರ ಪಯಣದ ಬಹುಭಾಗ ನಡೆಯುತ್ತದೆ. ಮುಂದೆ ಕೆಲಸದ ಮೇಜು, ಹಿಂದೆ ಮುಚ್ಚಿದ ಶಟರ್ ಇರುವ ಗ್ಯಾರೇಜಿನಲ್ಲಿ ಹತ್ತಿಂಚು ಎಂದರೆ ಬಂಪರ್ ತಗಲುವಷ್ಟು ದೂರ. ಎರಡು ಕಂಬದ ಲಿಫ್ಟ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ತೋಳು ಕಂಬಕ್ಕಂಟಿ ನೆಟ್ಟಗೆ ಮೇಲೇರುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರೆ ಗಂಭೀರವಾದ ವಿಷಯವೊಂದು ಎದುರಾಗುತ್ತದೆ. ಎಡ ಬಲದ ಚೌಕಟ್ಟುಗಳ ನಡುವೆ ಉಕ್ಕಿನ ನಂಟಿಲ್ಲ, ಇರುವುದು ಎಣ್ಣೆಯ ಪೈಪು ಮಾತ್ರ. ಎರಡಕ್ಕೂ ಎಣ್ಣೆ ಸಮನಾಗಿ ಹಂಚಿಕೆಯಾದರೆ ಎರಡೂ ಜೊತೆಯಾಗಿ ಏರುತ್ತವೆ. ಒಂದು ಸಾಲಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಆ ಪಕ್ಕ ಹಿಂದೆ ಬೀಳುತ್ತದೆ, ಏಕೆಂದರೆ ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದು ಪಕ್ಕ 20 ಇಂಚಿಗೂ ಇನ್ನೊಂದು 18 ಇಂಚಿಗೂ ಇದೆ ಎನ್ನೋಣ. ನೋಡುವವರಿಗೆ ಕಾರು ಸ್ವಲ್ಪ ಓರೆಯಾದಂತೆ ಕಾಣುತ್ತದೆ, ಅಷ್ಟೇ. ಆದರೆ ಮೇಲಿನ ಲೆಕ್ಕದ ಪ್ರಕಾರ ಆ ಎರಡು ಇಂಚಿನ ವ್ಯತ್ಯಾಸಕ್ಕೆ ಒಂದು ಪಕ್ಕ ಇನ್ನೊಂದಕ್ಕಿಂತ ಎರಡೂವರೆ ಇಂಚು ಹೆಚ್ಚು ಮುಂದಕ್ಕೆ ಸರಿದಿರುತ್ತದೆ. ಕಾರು ಓರೆಯಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯನ್ನು ತಡೆದುಕೊಳ್ಳುವುದು ಚೌಕಟ್ಟಿಗೂ ಕಾರಿಗೂ ನಡುವೆ ಇಟ್ಟ ನಾಲ್ಕು ರಬ್ಬರ್ ದಿಂಡುಗಳು, ಅವುಗಳ ಮೇಲೆ ಕೂತಿರುವ ಬಾಗಿಲ ಕೆಳಗಿನ ಬೆಸುಗೆಯ ಅಂಚು.

ಆದ್ದರಿಂದ ಮೊದಲ ಬಳಕೆಗೆ ಮುನ್ನ ಗಾಳಿ ತೆಗೆಯುವುದು, ಕಾರಿಲ್ಲದೆ ಹಲವು ಸಲ ಎತ್ತಿ ಇಳಿಸಿ ಎರಡೂ ಚೌಕಟ್ಟು ಸರಿಸಮ ಏಳುತ್ತಿವೆಯೇ ಎಂದು ನೋಡುವುದು ಕಾಟಾಚಾರದ ಸೂಚನೆಯಲ್ಲ. ಈ ಯಂತ್ರದ ಸಮತೋಲ ನಿಂತಿರುವುದೇ ಅದರ ಮೇಲೆ. ಹಾಗಿದ್ದೂ ಹೆಚ್ಚಿನ ವಿಮರ್ಶಕರು ಅದನ್ನು ಜೋಡಣೆಯ ಕಿರಿಕಿರಿಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತಾರೆ.

ಇನ್ನು ಹೊಗಳಬೇಕಾದ ಗುಣ. ಚೌಕಟ್ಟಿಗೆ ಅಡ್ಡಲಾಗಿ ಒಂದು ಲಾಕ್ ಸರಳು ಇದೆ. ಅದಕ್ಕೆ ಎರಡು ನೆಲೆ: ನಡುವೆ ಒಂದು, ತುದಿಯಲ್ಲಿ ಒಂದು. ಕಾರನ್ನು ಆ ನೆಲೆಗಿಂತ ತುಸು ಮೇಲಕ್ಕೆತ್ತಿ, ಸರಳು ಕೂತದ್ದನ್ನು ಎರಡೂ ಪಕ್ಕ ಕಣ್ಣಾರೆ ನೋಡಿ, ಆಮೇಲೆ ಕಾರನ್ನು ನಿಧಾನವಾಗಿ ಕೆಳಗಿಳಿಸಿ ಸರಳಿನ ಮೇಲೆ ಕೂರಿಸಬೇಕು. ಆ ಇಳಿಸುವಿಕೆ ಮುಗಿದ ಕ್ಷಣದಿಂದ ಕಾರನ್ನು ಹೊತ್ತಿರುವುದು ಎಣ್ಣೆಯಲ್ಲ, ಉಕ್ಕು. ಪೈಪು ಒಡೆದರೂ ಸೀಲು ಸೋರಿದರೂ ಕಾರು ಇದ್ದಲ್ಲೇ ಇರುತ್ತದೆ. ಎತ್ತುವ ಕೆಲಸ ಮತ್ತು ಹೊರುವ ಕೆಲಸ ಎರಡನ್ನೂ ಒಂದೇ ಚೌಕಟ್ಟಿನೊಳಗೆ, ಮನುಷ್ಯ ಕಾರಿನಡಿ ಕೈ ಹಾಕುವ ಪ್ರಮೇಯವೇ ಬರದಂತೆ ಒಂದಾದ ಮೇಲೊಂದು ಮುಗಿಸುವುದು ಈ ಲಿಫ್ಟ್‌ನ ನಿಜವಾದ ಸಾಧನೆ. ಟ್ರಾಲಿ ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಕೊಡುವವರು ಪ್ರತಿ ಮೂಲೆಯಲ್ಲೂ ಎಣ್ಣೆಯ ಮೇಲೆ ತೂಗುತ್ತಿರುವ ಕಾರಿನ ಪಕ್ಕದಲ್ಲಿ ಮಂಡಿಯೂರಲೇಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ನಿಯಮ, ಜಾಕ್‌ನಲ್ಲಿ ಎತ್ತಿದ ಭಾರಕ್ಕೆ ಕೂಡಲೇ ಗಟ್ಟಿ ಆಧಾರ ಕೊಡಬೇಕೆನ್ನುತ್ತದೆ. ಆ ನಿಯಮ ಕೆಲಸದ ಜಾಗಗಳಿಗೆ ಸಂಬಂಧಿಸಿದ್ದು, ಮನೆಯ ಗ್ಯಾರೇಜಿಗೆ ಅನ್ವಯಿಸುವುದಿಲ್ಲ. ಅನ್ವಯಿಸದ ಕಡೆಯೂ ಅದರ ಪಾಲನೆಯನ್ನು ಸುಲಭವಾಗಿಸಿದ್ದು ಈ ಸರಳಿನ ಹೆಚ್ಚುಗಾರಿಕೆ.

ಆದರೆ ಸೆಕೆಂಡು ಎಣಿಸುವ ವಿಡಿಯೊದಲ್ಲಿ ಗಡಿಯಾರ ನಿಲ್ಲುವುದು ಕಾರು ಮೇಲೆ ತಲುಪಿದಾಗ. ಸರಳಿನ ಮೇಲೆ ಕೂರಿಸುವ ಹೊತ್ತಿಗೆ ಕ್ಯಾಮೆರಾ ಎಲ್ಲೋ ಹೋಗಿರುತ್ತದೆ.

ಈ ವಿಮರ್ಶಕರ ಜೊತೆಗಿನ ಜಗಳ ಬರೀ ಅಭಿರುಚಿಯದ್ದಲ್ಲ. ಯಾವುದನ್ನು ಅಳೆಯುತ್ತೇವೋ ಅದನ್ನೇ ಕೊಳ್ಳುವವರು ಕೇಳುತ್ತಾರೆ, ಅದನ್ನೇ ಮಾರುವವರು ಒದಗಿಸುತ್ತಾರೆ. ವೇಗವನ್ನೇ ಅಳೆದರೆ, ಸರಳು ಸರಿಯಾಗಿ ಕೂರದ ಅಗ್ಗದ ನಕಲೂ ಮೂವತ್ತು ಸೆಕೆಂಡಿನಲ್ಲಿ ಎತ್ತಿ ತೋರಿಸಿ ಅದೇ ಅಂಕ ಗಿಟ್ಟಿಸುತ್ತದೆ. ತಿಂಗಳಿಗೊಮ್ಮೆ ಬ್ರೇಕ್ ಪ್ಯಾಡ್ ನೋಡುವವರಿಗೆ, ಆರು ತಿಂಗಳಿಗೊಮ್ಮೆ ಟೈರ್ ಅದಲುಬದಲು ಮಾಡುವವರಿಗೆ ಅರ್ಧ ನಿಮಿಷವೋ ಎರಡು ನಿಮಿಷವೋ ಏನು ವ್ಯತ್ಯಾಸ? ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಪೈಪು ಜೋಡಿಸಿ, ಎತ್ತುವ ಬಿಂದುಗಳಿಗೆ ದಿಂಡು ಹೊಂದಿಸುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದೊಂದು ಚೌಕಟ್ಟೂ ಮಾದರಿಗೆ ತಕ್ಕಂತೆ ಮೂವತ್ತೈದರಿಂದ ಐವತ್ತು ಕಿಲೋ ತೂಗುತ್ತದೆ. ಒಯ್ಯಬಲ್ಲದ್ದು ಎನ್ನುವಾಗ ಒಯ್ಯುವವರ ಸೊಂಟವನ್ನೂ ಗಣಿಸಬೇಕು.

ಎದುರು ಪಾಳೆಯದವರ ಮಾತೂ ಇಷ್ಟೇ ಸಡಿಲ. ಹೈಡ್ರಾಲಿಕ್ ನಂಬಬಾರದು, ಜಾಕ್ ಸ್ಟ್ಯಾಂಡ್ ಸರಳವಾದದ್ದರಿಂದ ಅದೇ ಸುರಕ್ಷಿತ ಎಂದು ಅವರು ಪಟ್ಟು ಹಿಡಿಯುತ್ತಾರೆ. ಸರಳ ಎಂಬುದೇ ಸುರಕ್ಷತೆಯ ಪ್ರಮಾಣಪತ್ರವಾಗಿದ್ದರೆ 2020ರಲ್ಲಿ ನಡೆದದ್ದು ನಡೆಯಬಾರದಿತ್ತು. ಆ ವರ್ಷ ಅಮೆರಿಕದ ಹಾರ್ಬರ್ ಫ್ರೈಟ್ ಮಳಿಗೆ ಪಿಟ್ಸ್‌ಬರ್ಗ್ ಹೆಸರಿನ 6 ಟನ್ ಮತ್ತು 3 ಟನ್ ಜಾಕ್ ಸ್ಟ್ಯಾಂಡ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಒಟ್ಟು ಸಂಖ್ಯೆ ಸುಮಾರು 17 ಲಕ್ಷ. ದೋಷವಿದ್ದದ್ದು ಹಲ್ಲಿನ ಕಂಬ ಮತ್ತು ಅದಕ್ಕೆ ಕಚ್ಚಿಕೊಳ್ಳುವ ಕೊಂಡಿಯ ನಡುವೆ; ಕಚ್ಚು ಸಾಕಷ್ಟು ಆಳಕ್ಕೆ ಇಳಿಯದೆ, ಭಾರ ಅಲುಗಿದಾಗ ಸ್ಟ್ಯಾಂಡ್ ದಿಢೀರನೆ ಕುಸಿಯಬಹುದಿತ್ತು. ಬದಲಿಗೆ ಕೊಟ್ಟ 3 ಟನ್ ಸ್ಟ್ಯಾಂಡ್‌ಗಳಲ್ಲೂ ಕೆಲವಕ್ಕೆ ಬೆಸುಗೆಯ ದೋಷ ಕಂಡು ಅವನ್ನೂ ಹಿಂಪಡೆಯಬೇಕಾಯಿತು. ಅಲ್ಲಿ ಎಣ್ಣೆ ಇರಲಿಲ್ಲ, ಪಂಪು ಇರಲಿಲ್ಲ. ಇದ್ದದ್ದು ಒಂದು ಕೊಂಡಿ, ಒಂದು ಹಲ್ಲು, ಅವೆರಡರ ನಡುವಿನ ಕೆಲವು ಮಿಲಿಮೀಟರ್.

ಎರಡೂ ಪಾಳೆಯದವರು ತಪ್ಪಿದ್ದು ಒಂದೇ ಜಾಗದಲ್ಲಿ. ಒಬ್ಬರು ಪಂಪನ್ನು ಮೆಚ್ಚಿದರು, ಇನ್ನೊಬ್ಬರು ಪಂಪಿಗೆ ಹೆದರಿದರು. ಕಾರಿನಡಿ ಮಲಗಿದ ಮನುಷ್ಯನ ಜೀವ ನಿಂತಿರುವುದು ಉಕ್ಕು ಉಕ್ಕಿನ ಮೇಲೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬುದರ ಮೇಲೆ. ಸ್ಟ್ಯಾಂಡನ್ನೂ ಲಿಫ್ಟನ್ನೂ ಅಳೆಯಬೇಕಾದದ್ದು ಅದೇ ಕೋಲಿನಿಂದ.

ಲಿಫ್ಟ್ ಎಂಬ ಹೆಸರಿಗೆ ಈ ಉಪಕರಣ ಎಷ್ಟು ಅರ್ಹ ಎಂಬುದಿನ್ನು ಉಳಿಯಿತು. ಇಪ್ಪತ್ತು ಇಂಚಿನಡಿ ಮನುಷ್ಯ ನಿಲ್ಲಲಾರ, ಕೂರಲಾರ, ಮಲಗಿಯೇ ಕೆಲಸ ಮಾಡಬೇಕು. ಚೌಕಟ್ಟು ಕಾರಿನ ಪಕ್ಕದ ಅಂಚಿನಡಿಯೇ ನಿಂತಿರುವುದರಿಂದ ಪಕ್ಕದಿಂದ ಒಳಗೆ ಸರಿಯಲು ಆಗದು, ಮುಂದಿನಿಂದ ಅಥವಾ ಹಿಂದಿನಿಂದಲೇ ನುಗ್ಗಬೇಕು. ನಡುವಿನ ಜಾಗ ಪೂರ್ತಿ ತೆರೆದಿರುವುದು ಒಳ್ಳೆಯದೇ, ಎಣ್ಣೆ ಬದಲಿಸುವುದಕ್ಕೂ ಸೈಲೆನ್ಸರ್ ಬಿಚ್ಚುವುದಕ್ಕೂ ಅನುಕೂಲ. ಗೇರ್‌ಬಾಕ್ಸ್ ಇಳಿಸಬೇಕೆಂದರೆ ಈ ಎತ್ತರ ಇಕ್ಕಟ್ಟು. ಎತ್ತುವ ಬಿಂದುಗಳ ನಡುವಿನ ಅಂತರಕ್ಕೂ ಮಿತಿಯಿದೆ: ಗಿಡ್ಡ ಮಾದರಿಗೆ ಸುಮಾರು 60 ಇಂಚು, ಉದ್ದ ಮಾದರಿಗೆ 66. ಅದನ್ನು ಮೀರಿದ ಉದ್ದನೆಯ ಕಾರಿಗೆ ಬೇರೆ ಭಾಗಗಳನ್ನು ಕೊಂಡು ಜೋಡಿಸಬೇಕು.

ಈ ಯಂತ್ರ ಅಮೆರಿಕದ ಗ್ಯಾರೇಜಿಗೆ ಅಳತೆ ಕೊಟ್ಟು ಹೊಲಿಸಿದ್ದು. ಅಲ್ಲಿನ ಸಮತಟ್ಟಾದ ಕಾಂಕ್ರೀಟ್ ನೆಲ, ಬಾಗಿಲು ಹಾಕಿಕೊಳ್ಳಬಹುದಾದ ಸ್ವಂತ ಜಾಗ, ತಗ್ಗಾದ ಕಾರುಗಳು, ಮೆಕ್ಯಾನಿಕ್‌ಗಳ ದುಬಾರಿ ಕೂಲಿ ಇವೆಲ್ಲ ಅದರ ಹಿಂದಿವೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ ಸ್ವಂತ ಗ್ಯಾರೇಜು ಇಟ್ಟುಕೊಂಡಿರುವ ಕನ್ನಡಿಗರಿಗೆ ಅದು ಹೊಂದುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಅಕ್ಕಪಕ್ಕ ಬೇರೆಯವರ ಕಾರುಗಳಿರುವಲ್ಲಿ, ಟೈಲ್ಸ್ ಹಾಸಿದ ನೆಲದ ಮೇಲೆ ಅದನ್ನು ಬಳಸುವ ಮುನ್ನ ಹತ್ತು ಸಲ ಯೋಚಿಸಬೇಕು. ಎರಡು ಚೌಕಟ್ಟುಗಳ ಕಿರಿದಾದ ತಳದ ಮೇಲೆ ಇಡೀ ಕಾರಿನ ಭಾರ ಬಿದ್ದಾಗ, ಕೆಳಗೆ ಟೊಳ್ಳಿರುವ ಟೈಲ್ ಸೀಳುತ್ತದೆ. ಬೊಲೆರೊ, ಥಾರ್‌ನಂಥ ಚಾಸಿ ಗಾಡಿಗಳಲ್ಲಿ ಎತ್ತುವ ಬಿಂದು ಬಾಗಿಲ ಅಂಚಿನಲ್ಲಿಲ್ಲ, ಒಳಗಿನ ಚಾಸಿಯಲ್ಲಿದೆ; ಅಷ್ಟು ಎತ್ತರಕ್ಕೆ ತಲುಪಲು ಬೇರೆ ಉದ್ದನೆಯ ದಿಂಡು ಬೇಕು. ನಮ್ಮ ಲಾರಿ ಚಾಲಕರು ಜಾಕ್ ಹಾಕುವ ಮುನ್ನ ಗಾಲಿಗೆ ಕಲ್ಲು ಕೊಡುತ್ತಾರೆ. ಎತ್ತುವುದಕ್ಕಿಂತ ಮೊದಲು ಜಾರದಂತೆ ನೋಡಿಕೊಳ್ಳುವ ಆ ಎಚ್ಚರ ಯಾವ ಯಂತ್ರದ ಜೊತೆಗೂ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಬ್ರೇಕ್, ಟೈರ್, ಸಸ್ಪೆನ್ಷನ್, ಎಣ್ಣೆ ಬದಲಾವಣೆ ಇವನ್ನು ತಾನೇ ಮಾಡಿಕೊಳ್ಳುವ, ಗಟ್ಟಿ ನೆಲವಿರುವ ಮನೆಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಉಪಕರಣ. ಅದಕ್ಕಿಂತ ದೊಡ್ಡ ಕೆಲಸಕ್ಕೆ ಇದು ಲಿಫ್ಟ್ ಅಲ್ಲ, ಅನುಕೂಲವಾದ ಜಾಕ್. ಕೊಳ್ಳುವವರು ಹಣ ಕೊಡುವ ಮೊದಲು ತಮ್ಮ ಕಾರಿನ ಎತ್ತುವ ಬಿಂದುಗಳ ಅಂತರವನ್ನೂ ಕಾರಿನ ಹಿಂದೆ ಮುಂದೆ ಇರುವ ಜಾಗವನ್ನೂ ಟೇಪು ಹಿಡಿದು ಅಳೆಯಲಿ, ನೆಲಕ್ಕೆ ಮಟ್ಟಗೋಲು ಇಟ್ಟು ನೋಡಲಿ. ವಿಮರ್ಶೆ ಮಾಡುವವರು ಗಡಿಯಾರವನ್ನು ಬದಿಗಿಟ್ಟು ಎರಡೂ ಪಕ್ಕದ ಲಾಕ್ ಸರಳಿನ ಹತ್ತಿರ ಕ್ಯಾಮೆರಾ ಒಯ್ದು, ಭಾರ ಅದರ ಮೇಲೆ ಕೂರುವುದನ್ನು ಪೂರ್ತಿ ತೋರಿಸಲಿ.